ಓದುಗರ ಪ್ರಶ್ನೆ: ಎರಡೇ ಪೆಗ್ ಕುಡಿದು, ಎರಡು ಗಂಟೆ ಬಿಟ್ಟು ಗಾಡಿ ಓಡಿಸಿದರೆ ತೊಂದರೆಯೇ?

ಪ್ರಶ್ನೆ: ಡಿಸೆಂಬರ್ 31ರ ರಾತ್ರಿ ಗೆಳೆಯರೆಲ್ಲ ಒಬ್ಬರ ಮನೆಯಲ್ಲಿ ಸೇರುವುದು ನಮ್ಮ ರೂಢಿ. ನಾನು ಕುಡುಕನಲ್ಲ, ವರ್ಷಕ್ಕೆ ನಾಲ್ಕಾರು ಸಲ, ಅದೂ ಎರಡು ಪೆಗ್ ಮೀರುವುದಿಲ್ಲ. ಹೊಟ್ಟೆ ತುಂಬ ಊಟ ಮಾಡಿ, ಎರಡು ಗಂಟೆ ಹರಟೆ ಹೊಡೆದು, ಆಮೇಲೆ ನಿಧಾನವಾಗಿ ಗಾಡಿ ಓಡಿಸಿಕೊಂಡು ಮನೆಗೆ ಬರುತ್ತೇನೆ. ಇದರಲ್ಲಿ ಅಪಾಯವಿದೆಯೇ? ಸ್ವಲ್ಪ ಹೆಚ್ಚಾದ ದಿನ ಅಲ್ಲೇ ಮಲಗಿ ಬೆಳಿಗ್ಗೆ ಎದ್ದು ಹೊರಟರೆ ಸಾಕಲ್ಲವೇ?

ಉತ್ತರ: ಅಪಾಯವಿದೆ, ಮತ್ತು ಬೆಳಿಗ್ಗೆ ಎದ್ದು ಹೊರಟರೂ ಸಾಕಾಗದೇ ಇರಬಹುದು. ವರ್ಷದ ಕೊನೆ ಹತ್ತಿರವಾದಂತೆ ಪದೇ ಪದೇ ಕೇಳಿಬರುವ ಈ ಪ್ರಶ್ನೆಯಲ್ಲಿ ‘ಎರಡೇ ಪೆಗ್’, ‘ಎರಡು ಗಂಟೆ’, ‘ನಿಧಾನವಾಗಿ’ ಎಂಬ ಮೂರು ಸಮಾಧಾನಗಳು ಅಡಗಿವೆ. ಮೂರನ್ನೂ ಲೆಕ್ಕಕ್ಕೆ ಹಚ್ಚಿ ನೋಡಿದರೆ ಒಂದೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಮೊದಲು ಪೆಗ್ಗಿನ ಲೆಕ್ಕ. ನಮ್ಮಲ್ಲಿ ‘ಲಾರ್ಜ್’ ಎನ್ನುವ ದೊಡ್ಡ ಪೆಗ್ ಎಂದರೆ 60 ಮಿಲಿಲೀಟರ್. ಭಾರತದಲ್ಲಿ ಮಾರಾಟವಾಗುವ ವಿಸ್ಕಿ, ರಮ್ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಆಲ್ಕೋಹಾಲ್ ಪ್ರಮಾಣ ಶೇ 42.8 ಎಂದು ಮುದ್ರಿಸಿರುತ್ತಾರೆ. ಆ ಪ್ರಕಾರ ಒಂದು ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ‘ನಾನು ಬರೀ ಬಿಯರ್’ ಎನ್ನುವವರು ಗಮನಿಸಬೇಕಾದ ಸಂಗತಿಯೆಂದರೆ, 650 ಮಿಲಿಲೀಟರಿನ ಒಂದು ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ, ಅದರ ಪ್ರಮಾಣ ಶೇ 8ರಷ್ಟಿದ್ದರೆ, 40 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಂದರೆ ಒಂದು ಬಾಟಲಿ ಎರಡು ಲಾರ್ಜ್‌ಗೆ ಸಮ. ಸುಮಾರು 70 ಕಿಲೋ ತೂಕದ ಗಂಡಸಿನ ದೇಹದಲ್ಲಿ 20 ಗ್ರಾಂ ಆಲ್ಕೋಹಾಲ್ ಸೇರಿದರೆ, ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಅದರ ಪ್ರಮಾಣ ಸ್ಥೂಲವಾಗಿ 40 ಮಿಲಿಗ್ರಾಂನಷ್ಟು ಏರುತ್ತದೆ. ಕಾನೂನು ಹಾಕಿರುವ ಮಿತಿ 30 ಮಿಲಿಗ್ರಾಂ. ಎಂದರೆ, ಬರಿಹೊಟ್ಟೆಯಲ್ಲಿ ಬೇಗನೆ ಕುಡಿದ ಒಂದೇ ಲಾರ್ಜ್ ನಿಮ್ಮನ್ನು ಮಿತಿಯಾಚೆ ದಾಟಿಸಬಲ್ಲದು.

ಇನ್ನು ಎರಡು ಗಂಟೆಯ ಲೆಕ್ಕ. ರಕ್ತದೊಳಗಿನ ಆಲ್ಕೋಹಾಲನ್ನು ಕರಗಿಸುವುದು ಬಹುಮಟ್ಟಿಗೆ ಯಕೃತ್ತಿನ ಕೆಲಸ, ಮತ್ತು ಯಕೃತ್ತು ಯಾರ ಅವಸರಕ್ಕೂ ಬಗ್ಗುವುದಿಲ್ಲ. ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಯುತ್ತದೆ ಎಂಬುದು ಸರಾಸರಿ ಲೆಕ್ಕ. ಕೆಲವರಲ್ಲಿ ಇದು 10ಕ್ಕೆ ಇಳಿಯುತ್ತದೆ, ಕೆಲವರಲ್ಲಿ 20ಕ್ಕೆ ಏರುತ್ತದೆ. ನೀವು ರಾತ್ರಿ 9ಕ್ಕೆ ಆರಂಭಿಸಿ, 10ಕ್ಕೆ ಎರಡು ಲಾರ್ಜ್ ಮುಗಿಸಿ, ಹೇಳಿದಂತೆ ಎರಡು ಗಂಟೆ ಹರಟಿ, ಸರಿಯಾಗಿ 12ಕ್ಕೆ ‘ಹ್ಯಾಪಿ ನ್ಯೂ ಇಯರ್’ ಎಂದು ಹೊರಟಿರೆನ್ನಿ. ಎರಡು ಲಾರ್ಜ್‌ನಿಂದ ಏರಬಹುದಾದ 85ರಲ್ಲಿ ಮೂರು ಗಂಟೆಯ 45 ಕಳೆದರೆ 40 ಉಳಿಯುತ್ತದೆ. ಅಷ್ಟು ಶಿಸ್ತಿನಿಂದ ನಡೆದುಕೊಂಡ ಮೇಲೂ ನೀವು ಮಿತಿಗಿಂತ ಮೇಲೇ ಇದ್ದೀರಿ. ಇದೇ ಎರಡು ಲಾರ್ಜ್ ಅನ್ನು 55 ಕಿಲೋ ತೂಕದ ಹೆಣ್ಣುಮಗಳು ಕುಡಿದಿದ್ದರೆ, ಆಕೆಯ ದೇಹದಲ್ಲಿ ನೀರಿನಂಶ ಕಡಿಮೆ ಇರುವುದರಿಂದ, ಅದೇ ಮಧ್ಯರಾತ್ರಿಯಲ್ಲಿ ಪ್ರಮಾಣ 80 ದಾಟಿರಬಹುದು. ಇಷ್ಟೆಲ್ಲ ಹೇಳಿದ್ದು ಬಾರಿನಲ್ಲಿ ಅಳೆದು ಕೊಡುವ ಪೆಗ್ಗಿನ ಮಾತು. ಮನೆಯ ಪಾರ್ಟಿಯಲ್ಲಿ ಗೆಳೆಯರು ಪ್ರೀತಿಯಿಂದ ಸುರಿಯುವ ‘ಒಂದು ಪೆಗ್’ ಎಷ್ಟು ಮಿಲಿಲೀಟರ್ ಎಂಬುದು ಸುರಿಯುವವರ ಕೈಗೂ ತಿಳಿದಿರುವುದಿಲ್ಲ.

ಊಟದ ವಿಷಯದಲ್ಲಿ ನಿಮ್ಮ ನಂಬಿಕೆ ಪೂರ್ತಿ ಸುಳ್ಳಲ್ಲ. ಹೊಟ್ಟೆಯಲ್ಲಿ ಅನ್ನವಿದ್ದರೆ ಆಲ್ಕೋಹಾಲ್ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ, ಏರುವ ಗರಿಷ್ಠ ಮಟ್ಟವೂ ತುಸು ಕಡಿಮೆಯಾಗುತ್ತದೆ. ಆದರೆ ಈ ನಿಧಾನಕ್ಕೆ ಇನ್ನೊಂದು ಮುಖವಿದೆ: ಗರಿಷ್ಠ ಮಟ್ಟಕ್ಕೆ ತಲುಪುವ ಹೊತ್ತೂ ಮುಂದಕ್ಕೆ ಹೋಗುತ್ತದೆ. ಊಟ ಮುಗಿಸಿ, ಕೈ ತೊಳೆದು, ‘ಏನೂ ಆಗಿಲ್ಲ, ಪರವಾಗಿಲ್ಲ’ ಎನ್ನಿಸಿದ ಗಳಿಗೆಯಲ್ಲಿ ಕೀಲಿ ತಿರುಗಿಸಿದವರಿಗೆ ಅಮಲು ಏರುವುದು ರಿಂಗ್ ರಸ್ತೆಯ ನಡುವೆ. ಬ್ಲ್ಯಾಕ್ ಕಾಫಿ, ನಿಂಬೆಹಣ್ಣಿನ ಶರಬತ್ತು, ಮಜ್ಜಿಗೆ, ತಣ್ಣೀರು ಸ್ನಾನ ಇವು ಯಾವುವೂ ಯಕೃತ್ತಿನ ವೇಗವನ್ನು ಹೆಚ್ಚಿಸುವುದಿಲ್ಲ. ಕಾಫಿ ಕುಡಿದರೆ ನಿದ್ದೆ ಹೋಗಬಹುದು. ಆಗ ಉಳಿಯುವುದು ಎಚ್ಚರವಾಗಿರುವ ಅಮಲು.

ಹಾಗಾದರೆ 30ರ ಕೆಳಗಿದ್ದರೆ ಓಡಿಸಬಹುದೇ ಎಂದು ಕೇಳುವವರಿದ್ದಾರೆ. ಕಾನೂನಿನ ದೃಷ್ಟಿಯಿಂದ ಶಿಕ್ಷೆ ಆ ಗೆರೆಯ ಮೇಲೆ ಶುರುವಾಗುತ್ತದೆ, ನಿಜ. ಆದರೆ ದೇಹಕ್ಕೆ ಅಂಥ ಗೆರೆಯಿಲ್ಲ. ಇಂಗ್ಲೆಂಡಿನಲ್ಲಿ ಮಿತಿ 80, ಸ್ಕಾಟ್ಲೆಂಡಿನಲ್ಲಿ 2014ರಿಂದ 50, ಸ್ವೀಡನ್ನಿನಲ್ಲಿ 20. ಮನುಷ್ಯನ ಮಿದುಳು ಎಲ್ಲ ಕಡೆಯೂ ಒಂದೇ. ಆಲ್ಕೋಹಾಲ್ ಮೊದಲು ಕೈಹಾಕುವುದು ಕಾಲಿಗಲ್ಲ, ನಾಲಿಗೆಗೂ ಅಲ್ಲ. ಏಕಕಾಲದಲ್ಲಿ ಕನ್ನಡಿ, ಎದುರಿನ ಬೆಳಕು, ಪಕ್ಕದಿಂದ ನುಗ್ಗುವ ಸ್ಕೂಟರ್ ಇವೆಲ್ಲವನ್ನೂ ಗಮನದಲ್ಲಿಟ್ಟುಕೊಳ್ಳುವ ಶಕ್ತಿ, ಮತ್ತು ‘ನಾನು ಈಗ ಓಡಿಸುವ ಸ್ಥಿತಿಯಲ್ಲಿದ್ದೇನೆಯೇ’ ಎಂದು ತೀರ್ಮಾನಿಸುವ ವಿವೇಕ, ಇವೆರಡೂ ಮೊದಲು ಮಸುಕಾಗುತ್ತವೆ. ನಡಿಗೆ ತಪ್ಪುವುದು, ಮಾತು ತೊದಲುವುದು ಬಹಳ ಆಮೇಲಿನ ಹಂತ. ನೆಟ್ಟಗೆ ನಡೆಯಬಲ್ಲೆ, ಆದ್ದರಿಂದ ನೆಟ್ಟಗೆ ಓಡಿಸಬಲ್ಲೆ ಎಂಬ ತರ್ಕ ಕೆಡುವುದು ಇಲ್ಲಿಯೇ.

‘ನಿಧಾನವಾಗಿ’ ಎಂಬ ಮಾತಿಗೂ ಇದು ಅನ್ವಯಿಸುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ; ಬ್ರೇಕಿನ ಮೇಲೆ ಕಾಲಿಡುವುದು ಅರ್ಧ ಸೆಕೆಂಡ್ ತಡವಾದರೆ 8 ಮೀಟರ್ ಕೈಬಿಟ್ಟಂತೆ. ನೀವು ಬೈಕಿನವರಾದರೆ ಸಮತೋಲನದ ಸಮಸ್ಯೆ ಬೇರೆ ಸೇರಿಕೊಳ್ಳುತ್ತದೆ: ಗುರುತು ಬಳಿಯದ ಹಂಪ್, ಜಲ್ಲಿ ಚೆಲ್ಲಿದ ತಿರುವು, ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸುವುದನ್ನೇ ಮರೆತ ತಲೆ.

ಕಾನೂನಿನ ವಿಚಾರವನ್ನು ಚಿಕ್ಕದಾಗಿ ಹೇಳಿಬಿಡಬಹುದು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮೊದಲು ಮೊದಲ ತಪ್ಪಿನ ದಂಡ 2,000 ರೂಪಾಯಿಗೆ ಸೀಮಿತವಾಗಿತ್ತು. ಇದೇ ಕಾಯ್ದೆಯ 188ನೇ ಸೆಕ್ಷನ್ ಬಗ್ಗೆ ಮಾತ್ರ ಹೆಚ್ಚು ಜನರಿಗೆ ಗೊತ್ತಿಲ್ಲ: ಕುಡಿದು ಓಡಿಸಲು ಪ್ರಚೋದನೆ ಕೊಟ್ಟವರೂ ಶಿಕ್ಷೆಗೆ ಗುರಿಯಾಗುತ್ತಾರೆ. ‘ಏನಾಗಲ್ಲ, ಹೋಗೋ’ ಎಂದು ಅಮಲಿನಲ್ಲಿರುವವನ ಕೈಗೆ ಕೀಲಿ ಕೊಡುವ ಗೆಳೆಯರು ಇದನ್ನು ತಿಳಿದಿರಬೇಕು. ವಿಮೆಯದು ಇನ್ನೊಂದು ಪೆಟ್ಟು. ಚಾಲಕ ಮದ್ಯದ ಅಮಲಿನಲ್ಲಿದ್ದರೆ ಸ್ವಂತ ವಾಹನಕ್ಕಾದ ಹಾನಿಗೆ ಪರಿಹಾರವಿಲ್ಲ ಎಂಬ ಷರತ್ತು ಪಾಲಿಸಿಯಲ್ಲೇ ಇರುತ್ತದೆ, ಮತ್ತು 2021ರಲ್ಲಿ ಸುಪ್ರೀಂ ಕೋರ್ಟ್ ಅಂಥದೊಂದು ಪ್ರಕರಣದಲ್ಲಿ ವಿಮಾ ಕಂಪನಿಯ ನಿಲುವನ್ನೇ ಎತ್ತಿಹಿಡಿದಿದೆ. ಪ್ರಾಣಹಾನಿಯಾದರೆ ಅದು ಬರೀ ಅಜಾಗರೂಕತೆಯ ಕೇಸಾಗಿ ಉಳಿಯುತ್ತದೆಂಬ ಭರವಸೆಯೂ ಇಲ್ಲ. 2006ರಲ್ಲಿ ಮುಂಬೈಯ ಬಾಂದ್ರಾದಲ್ಲಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದ ಕಾರ್ಮಿಕರ ಮೇಲೆ ಕಾರು ಹರಿದು 7 ಮಂದಿ ಸತ್ತ ಪ್ರಕರಣದಲ್ಲಿ, ಚಾಲಕನ ಮೇಲಿನ ಕೊಲೆಯಲ್ಲದ ನರಹತ್ಯೆಯ ಅಪರಾಧವನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಖಾಯಂಗೊಳಿಸಿತು.

ತಪಾಸಣೆಯ ಬಗ್ಗೆ ಒಂದು ಮಾತು. ಬ್ಯಾರಿಕೇಡಿನ ಮುಂದೆ ಪೊಲೀಸರು ಹೊಸ ಕೊಳವೆ ಸಿಕ್ಕಿಸಿ, ‘ಊದಿ, ಇನ್ನೂ ಊದಿ, ನಿಲ್ಲಿಸಬೇಡಿ’ ಎನ್ನುವಾಗ ಯಂತ್ರ ಅಳೆಯುವುದು ಬಾಯಿಯ ವಾಸನೆಯನ್ನಲ್ಲ, ಶ್ವಾಸಕೋಶದ ಆಳದಿಂದ ಬರುವ ಗಾಳಿಯಲ್ಲಿ ಬೆರೆತ ಆಲ್ಕೋಹಾಲನ್ನು. ಆದ್ದರಿಂದ ಏಲಕ್ಕಿ, ಪುದೀನಾ, ಬೀಡಾ, ಸೀಬೆ ಎಲೆ ಮುಂತಾದ ಉಪಾಯಗಳಿಂದ ಪರದೆಯ ಮೇಲಿನ ಅಂಕಿ ಬದಲಾಗುವುದಿಲ್ಲ. ಇದಕ್ಕಿಂತ ಕೆಟ್ಟದ್ದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ‘ಅಲ್ಲಿ ಚೆಕಿಂಗ್ ಇದೆ, ಒಳರಸ್ತೆಯಲ್ಲಿ ಬನ್ನಿ’ ಎಂಬ ಸಂದೇಶ. ಅದು ಕುಡಿದವನನ್ನು ಬೆಳಕಿರುವ ಅಗಲ ರಸ್ತೆಯಿಂದ ಎಬ್ಬಿಸಿ, ಜನ ಮನೆಯ ಮುಂದೆ ಓಡಾಡುವ ಕತ್ತಲ ಓಣಿಗೆ ಅಟ್ಟುತ್ತದೆ. ತಪಾಸಣೆಯಿಂದ ಉಪಯೋಗವಾಗುವುದು ಅದು ಎಲ್ಲಿ, ಯಾವಾಗ ಎದುರಾದೀತೆಂದು ಯಾರಿಗೂ ತಿಳಿಯದಿದ್ದಾಗ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 1982ರ ಡಿಸೆಂಬರ್ 17ರಂದು, ಕ್ರಿಸ್‌ಮಸ್‌ಗೆ ವಾರವಿರುವಾಗ, ಅನುಮಾನವಿಲ್ಲದಿದ್ದರೂ ಯಾವ ಚಾಲಕನನ್ನಾದರೂ ನಿಲ್ಲಿಸಿ ಊದಿಸುವ ಪದ್ಧತಿಯನ್ನು ತಂದ ಮೇಲೆ ಅಲ್ಲಿ ರಸ್ತೆ ಸಾವುಗಳು ಗಮನಾರ್ಹವಾಗಿ ಇಳಿದವು. ನಮ್ಮಲ್ಲಿ ಡಿಸೆಂಬರ್ 31ರ ಒಂದು ರಾತ್ರಿ ಬಿಗಿ ಮಾಡಿ, ಜನವರಿ ಎರಡನೇ ವಾರಕ್ಕೆ ಸಡಿಲಿಸಿದರೆ ಅಂಥ ಫಲ ಸಿಗಲಾರದು ಎಂಬುದು ನನ್ನ ಅಭಿಪ್ರಾಯ.

ಸರ್ಕಾರಿ ಅಂಕಿಗಳನ್ನು ನೋಡಿ ಸಮಾಧಾನಪಡುವವರೂ ಇದ್ದಾರೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಕುಡಿತ ಅಥವಾ ಮಾದಕ ವಸ್ತುವಿನ ಕಾರಣಕ್ಕೆಂದು ದಾಖಲಾದ ಸಾವುಗಳು 4,201, ಅಂದರೆ ಶೇ 2.5. ಆದರೆ ಅಪಘಾತವಾದ ಪ್ರತಿಯೊಬ್ಬ ಚಾಲಕನ ರಕ್ತ ಪರೀಕ್ಷೆ ನಡೆಯುವುದಿಲ್ಲ. ಕುಡಿದು ವೇಗವಾಗಿ ಓಡಿಸಿ ಡಿವೈಡರಿಗೆ ಗುದ್ದಿದರೆ ‘ಅತಿವೇಗ’ ಎಂಬ ಕಾಲಮ್ಮಿನಲ್ಲೇ ಅದು ಸೇರಿಹೋಗುವ ಸಾಧ್ಯತೆ ಹೆಚ್ಚು. ಆ ಶೇ 2.5 ಅನ್ನು ಕನಿಷ್ಠ ಲೆಕ್ಕವೆಂದೇ ಓದಿಕೊಳ್ಳಬೇಕು.

ಈಗ ಮಾಡಬೇಕಾದುದೇನು? ವಿವೇಕವೇ ಮೊದಲು ಮಸುಕಾಗುವುದರಿಂದ, ಮನೆಗೆ ಹೇಗೆ ಮರಳುವುದೆಂಬ ತೀರ್ಮಾನವನ್ನು ಮೊದಲ ಗುಟುಕಿಗೆ ಮುಂಚೆಯೇ ಮುಗಿಸಿಬಿಡಬೇಕು. ಸಾಧ್ಯವಾದರೆ ಮನೆಯಿಂದ ಹೊರಡುವಾಗಲೇ ಗಾಡಿಯನ್ನು ಬಿಟ್ಟು ಹೋಗಬೇಕು. ಗಾಡಿ ಜೊತೆಗಿದ್ದರೆ ಮಧ್ಯರಾತ್ರಿಯಲ್ಲಿ ಅದನ್ನು ಅಲ್ಲೇ ಬಿಟ್ಟು ಬರಲು ಯಾರಿಗೂ ಮನಸ್ಸು ಬರುವುದಿಲ್ಲ. ಬೆಂಗಳೂರಿನವರಿಗೆ ಇದು ಅಷ್ಟು ಕಷ್ಟವಲ್ಲ. ಇತ್ತೀಚಿನ ವರ್ಷಗಳಲ್ಲಿ ಡಿಸೆಂಬರ್ 31ರ ರಾತ್ರಿ ನಮ್ಮ ಮೆಟ್ರೊ ಸುಮಾರು 2 ಗಂಟೆಯವರೆಗೆ ಓಡುತ್ತಿದೆ. ಜನಜಂಗುಳಿಯ ಕಾರಣಕ್ಕೆ ಎಂ.ಜಿ. ರಸ್ತೆ ನಿಲ್ದಾಣವನ್ನು ಆ ರಾತ್ರಿ ಮುಚ್ಚುವುದುಂಟು. ಆಗ ಟ್ರಿನಿಟಿ ಅಥವಾ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ನಡೆಯಬೇಕಾಗುತ್ತದೆ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳಿ. ಮೇಲ್ಸೇತುವೆಗಳನ್ನೂ ಪೊಲೀಸರು ಮುಚ್ಚುವುದರಿಂದ ಕ್ಯಾಬ್ ಸಿಗುವುದು ತಡವಾಗುತ್ತದೆ, ದರವೂ ಏರುತ್ತದೆ. ಎಷ್ಟೇ ಏರಿದರೂ 10,000 ರೂಪಾಯಿ ಮುಟ್ಟುವುದಿಲ್ಲ. ಸ್ವಂತ ಕಾರೇ ಬೇಕೆಂದರೆ ಗಂಟೆಗಿಷ್ಟು ಎಂದು ಬರುವ ಬಾಡಿಗೆ ಡ್ರೈವರನ್ನು ಎರಡು ದಿನ ಮೊದಲೇ ಗೊತ್ತು ಮಾಡಿಕೊಳ್ಳಬಹುದು. ಗುಂಪಿನಲ್ಲಿ ಒಬ್ಬರು ಓಡಿಸುವುದೆಂದು ಮಾತಾದರೆ, ಅವರು ‘ಎಲ್ಲರಿಗಿಂತ ಕಡಿಮೆ ಕುಡಿದವರು’ ಆಗಿದ್ದರೆ ಸಾಲದು, ಒಂದು ಹನಿಯನ್ನೂ ಮುಟ್ಟದವರಾಗಿರಬೇಕು.

ಹಳ್ಳಿಗಳಲ್ಲಿ ಕಷ್ಟ ಹೆಚ್ಚು. ಮಂಡ್ಯ, ರಾಮನಗರ, ಮೈಸೂರು ಸೀಮೆಯಲ್ಲಿ ಯುಗಾದಿಯ ಮರುದಿನ ಹೊಸತೊಡಕಿಗೆ ನೆಂಟರಿಷ್ಟರೆಲ್ಲ ಸೇರಿ, ಬಾಡೂಟ ಮುಗಿದು, ಕತ್ತಲಾದ ಮೇಲೆ ಒಂದೇ ಬೈಕಿನಲ್ಲಿ ಮೂವರು ಹೊರಡುವ ಹೊತ್ತಿಗೆ ಅಲ್ಲಿ ಮೆಟ್ರೊ ಇಲ್ಲ, ಕ್ಯಾಬ್ ಇಲ್ಲ, ಕೊನೆಯ ಬಸ್ಸೂ ಹೋಗಿರುತ್ತದೆ. ಇಲ್ಲಿ ಹೊಣೆ ಊಟಕ್ಕೆ ಕರೆದ ಮನೆಯವರದು. ಬಂದವರ ಕೀಲಿಗಳನ್ನು ಮಧ್ಯಾಹ್ನವೇ ಇಸಿದುಕೊಂಡು ಕುಡಿಯದ ಹಿರಿಯರೊಬ್ಬರ ಕೈಗೆ ಕೊಡುವುದು, ಪಡಸಾಲೆಯಲ್ಲಿ ನಾಲ್ಕು ಚಾಪೆ ಹಾಸಿ ‘ಇವತ್ತು ಇಲ್ಲೇ ಇದ್ದು ಬೆಳಿಗ್ಗೆ ಹೋಗಿ ಭಾವ’ ಎಂದು ಗಟ್ಟಿಯಾಗಿ ಹೇಳುವುದು ಅವರಿಂದ ಆಗುವ ಕೆಲಸವೇ. ಪಟ್ಟಣವಾಗಲಿ, ಹಳ್ಳಿಯಾಗಲಿ, ಪಾರ್ಟಿಯ ನಡುವಿನ ಸಣ್ಣ ಓಡಾಟಗಳನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೋಡಾ ಮುಗಿಯಿತು, ಐಸ್ ಬೇಕು, ಸಿಗರೇಟು ಖಾಲಿ, ‘ಇಲ್ಲೇ ಮೂಲೆ ಅಂಗಡಿ, ಎರಡು ನಿಮಿಷ’ ಎಂದು ಹೆಲ್ಮೆಟ್ ಇಲ್ಲದೆ ಹೊರಡುವವನು ಆಗಲೇ ಎರಡು ಪೆಗ್ ಮುಗಿಸಿರುತ್ತಾನೆ. ಬೇಕಾದುದನ್ನೆಲ್ಲ ಬಾಟಲಿ ತೆರೆಯುವ ಮೊದಲೇ ತಂದಿಟ್ಟುಕೊಂಡರೆ ಈ ಓಡಾಟವೇ ಇರುವುದಿಲ್ಲ.

ಕೊನೆಯದಾಗಿ ನಿಮ್ಮ ಬೆಳಗಿನ ಪ್ರಶ್ನೆ. ಅಲ್ಲೇ ಮಲಗುವುದು ಒಳ್ಳೆಯ ನಿರ್ಧಾರ, ಆದರೆ ನಿದ್ದೆಯಿಂದ ಆಲ್ಕೋಹಾಲ್ ಬೇಗ ಕರಗುವುದಿಲ್ಲ. ‘ಸ್ವಲ್ಪ ಹೆಚ್ಚಾದ’ ರಾತ್ರಿ ನಾಲ್ಕು ಲಾರ್ಜ್ ಆಯಿತೆಂದಿಟ್ಟುಕೊಳ್ಳಿ. 70 ಕಿಲೋದವರಲ್ಲಿ ಅದರ ಒಟ್ಟು ಲೆಕ್ಕ 170 ಮಿಲಿಗ್ರಾಂ. ರಾತ್ರಿ 9ರಿಂದ ಗಂಟೆಗೆ 15ರಂತೆ ಇಳಿದರೂ ಬೆಳಿಗ್ಗೆ 6ಕ್ಕೆ ಇನ್ನೂ 35 ಉಳಿದಿರುತ್ತದೆ. ಗಂಟೆಗೆ 10ರಂತೆ ಮಾತ್ರ ಇಳಿಸುವ ದೇಹವಾದರೆ 80. ಜನವರಿ 1ರ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಕುಂಕುಮವಿಟ್ಟು, ಮನೆಯವರನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ದೇವಸ್ಥಾನಕ್ಕೆ ಹೊರಡುವ ಎಷ್ಟೋ ಮಂದಿ ಈ ಸ್ಥಿತಿಯಲ್ಲಿರುತ್ತಾರೆ, ಜೊತೆಗೆ ನಾಲ್ಕು ಗಂಟೆಯೂ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ. ನೀವು ಅಷ್ಟು ಕುಡಿದಿದ್ದರೆ ಆ ಬೆಳಿಗ್ಗೆ ಕುಡಿಯದ ಬೇರೊಬ್ಬರು ಓಡಿಸಲಿ. ಅಂಥವರು ಮನೆಯಲ್ಲಿಲ್ಲದಿದ್ದರೆ ದರ್ಶನವನ್ನು ಸಂಜೆಗೆ ಇಟ್ಟುಕೊಳ್ಳಿ.