ನುರಿತವರ ವಲಸೆ: ಬಡ ದೇಶಗಳಿಗೆ ನಷ್ಟವೆಷ್ಟು, ಲಾಭವೆಷ್ಟು?

ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಇಬ್ಬರು ಶಸ್ತ್ರಚಿಕಿತ್ಸಕರು, ಹತ್ತಾರು ನರ್ಸ್‌ಗಳು, ಸಜ್ಜಾದ ಒಂದು ಆಪರೇಷನ್ ಥಿಯೇಟರ್ ಮತ್ತು ಒಬ್ಬರೇ ಒಬ್ಬ ಅರಿವಳಿಕೆ ತಜ್ಞರು ಇದ್ದಾರೆಂದು ಇಟ್ಟುಕೊಳ್ಳೋಣ. ಆ ತಜ್ಞರು ವಿದೇಶದಲ್ಲಿ ಕೆಲಸ ಸಿಕ್ಕಿ ಹೊರಟುಹೋದರೆ ಸಿಬ್ಬಂದಿಯ ಪಟ್ಟಿಯಿಂದ ಅಳಿಯುವುದು ಒಂದು ಹೆಸರು ಮಾತ್ರ. ಆದರೆ ಅಂದಿನಿಂದ ಅಲ್ಲಿ ಸಿಸೇರಿಯನ್ ಹೆರಿಗೆಗಳು ನಿಲ್ಲುತ್ತವೆ, ಶಸ್ತ್ರಚಿಕಿತ್ಸಕರು ಹೊರರೋಗಿಗಳನ್ನು ನೋಡುವುದಕ್ಕೆ ಸೀಮಿತರಾಗುತ್ತಾರೆ, ಹೆರಿಗೆ ಕಷ್ಟವಾದ ಗರ್ಭಿಣಿಯನ್ನು ಗಂಟೆಗಟ್ಟಲೆ ದೂರದ ಇನ್ನೊಂದು ಆಸ್ಪತ್ರೆಗೆ ಸಾಗಿಸಬೇಕಾಗುತ್ತದೆ. ಒಬ್ಬರ ಪರಿಣತಿಗೆ ಇನ್ನೊಬ್ಬರ ಪರಿಣತಿ ಹೀಗೆ ಆತುಕೊಂಡಿರುವುದರಿಂದಲೇ ನುರಿತ ಕೆಲಸಗಾರರ ವಲಸೆಯ ಪರಿಣಾಮವನ್ನು ತಲೆ ಎಣಿಸಿ ಅಳೆಯಲಾಗುವುದಿಲ್ಲ.

ಈ ಆತಂಕ ಬಡ ದೇಶಗಳಲ್ಲಿ ಮೊದಲು ಹುಟ್ಟಿದ್ದಲ್ಲ. ಬ್ರಿಟನ್ನಿನ ವಿಜ್ಞಾನಿಗಳು ಅಮೆರಿಕದತ್ತ ಸಾಲುಗಟ್ಟಿ ಹೊರಟಿದ್ದಾರೆಂದು ಲಂಡನ್ನಿನ ರಾಯಲ್ ಸೊಸೈಟಿ 1963ರಲ್ಲಿ ವರದಿ ಪ್ರಕಟಿಸಿದಾಗ ಪ್ರತಿಭಾ ಪಲಾಯನದ ಚರ್ಚೆಗೆ ಕಾವೇರಿತು. ಮುಂದಿನ ದಶಕದಲ್ಲಿ ಅದು ಅಭಿವೃದ್ಧಿಶೀಲ ದೇಶಗಳ ಪ್ರಶ್ನೆಯಾಗಿ ಬದಲಾಯಿತು. ಬಡ ದೇಶವೊಂದು ಸಾರ್ವಜನಿಕರ ತೆರಿಗೆ ಹಣದಿಂದ ವೈದ್ಯರನ್ನೂ ಎಂಜಿನಿಯರುಗಳನ್ನೂ ತಯಾರು ಮಾಡುತ್ತದೆ, ಅವರ ದುಡಿಮೆಯ ಫಲ ಮಾತ್ರ ಶ್ರೀಮಂತ ದೇಶಕ್ಕೆ ಸಿಗುತ್ತದೆ; ಹಾಗಿರುವಾಗ ವಲಸೆ ಹೋದವರ ಆದಾಯದ ಮೇಲೆ ಒಂದಿಷ್ಟು ತೆರಿಗೆ ಹಾಕಿ ಆ ಹಣವನ್ನು ಅವರ ಮೂಲ ದೇಶಗಳಿಗೆ ತಲುಪಿಸಬಾರದೇಕೆ ಎಂದು ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ ಕೇಳಿದರು. ಆ ತೆರಿಗೆ ಜಾರಿಗೆ ಬರಲಿಲ್ಲ. ತರಬೇತಿಗೆ ಹಣ ಹೂಡಿದವರು ಯಾರು, ಫಲ ಉಣ್ಣುವವರು ಯಾರು ಎಂಬ ಅವರ ಪ್ರಶ್ನೆಯನ್ನು ಮಾತ್ರ ಈವರೆಗೆ ಯಾರೂ ತಳ್ಳಿಹಾಕಲಾಗಿಲ್ಲ.

1990ರ ದಶಕದಲ್ಲಿ ಅರ್ಥಶಾಸ್ತ್ರಜ್ಞರು ಈ ಲೆಕ್ಕದಲ್ಲಿ ಬಿಟ್ಟುಹೋಗಿದ್ದ ಒಂದು ಅಂಶವನ್ನು ಗಮನಿಸಿದರು. ಒಂದು ದೇಶದಲ್ಲಿ ಇಷ್ಟೇ ಜನ ವಿದ್ಯಾವಂತರಿದ್ದಾರೆ, ಅವರಲ್ಲಿ ಇಷ್ಟು ಮಂದಿ ಹೋದರೆ ಇಷ್ಟು ಕಡಿಮೆಯಾಯಿತು ಎಂಬ ಹಳೆಯ ಎಣಿಕೆಯು ವಿದ್ಯಾವಂತರ ಸಂಖ್ಯೆ ಬದಲಾಗುವುದಿಲ್ಲವೆಂದು ಊಹಿಸಿಕೊಂಡಿತ್ತು. ವಾಸ್ತವದಲ್ಲಿ ಏನು ಓದಬೇಕು, ಎಷ್ಟು ಓದಬೇಕು ಎಂದು ಯುವಜನರು ನಿರ್ಧರಿಸುವಾಗ ವಿದೇಶದಲ್ಲಿ ಕೆಲಸ ಸಿಕ್ಕೀತೆಂಬ ನಿರೀಕ್ಷೆಯೂ ಕೆಲಸ ಮಾಡುತ್ತಿರುತ್ತದೆ. ನೂರು ಮಂದಿ ಓದುತ್ತಿದ್ದ ಕಡೆ ಆ ಆಸೆಯಿಂದ ನೂರೈವತ್ತು ಮಂದಿ ಓದಿದರು, ಅವರಲ್ಲಿ ಇಪ್ಪತ್ತು ಮಂದಿಗೆ ಮಾತ್ರ ವೀಸಾ ಸಿಕ್ಕಿತು ಎಂದಾದರೆ, ಊರಲ್ಲಿ ಉಳಿದವರು ನೂರಮೂವತ್ತು. ವಲಸೆಯ ದಾರಿಯೇ ಮುಚ್ಚಿದ್ದರೆ ಉಳಿಯುತ್ತಿದ್ದವರಿಗಿಂತ ಇದು ಹೆಚ್ಚು. ಕಾಗದದ ಮೇಲೆ ಸೊಗಸಾಗಿ ಕಾಣುವ ಈ ವಾದ ನಿಜ ಜೀವನದಲ್ಲಿ ನಿಲ್ಲುತ್ತದೆಯೇ ಎಂಬುದು ಬಹುಕಾಲ ಅನುಮಾನವಾಗಿಯೇ ಉಳಿದಿತ್ತು.

ಆ ಅನುಮಾನಕ್ಕೆ ಒಂದು ಗಟ್ಟಿ ಉತ್ತರ ಫಿಲಿಪೀನ್ಸ್‌ನಿಂದ ಬಂತು. 2000ದ ನಂತರದ ಕೆಲವು ವರ್ಷ ಅಮೆರಿಕವು ವಿದೇಶಿ ನರ್ಸ್‌ಗಳಿಗೂ ಅವರ ಕುಟುಂಬದವರಿಗೂ ಕೊಡುವ ವೀಸಾಗಳನ್ನು ಹೆಚ್ಚಿಸಿತು. ಅದರೊಂದಿಗೆ ಫಿಲಿಪೀನ್ಸ್‌ನ ನರ್ಸಿಂಗ್ ಕಾಲೇಜುಗಳು ತುಂಬಿ ತುಳುಕಿದವು. ಬೇರೆ ವಿಷಯ ಓದುತ್ತಿದ್ದವರು ನರ್ಸಿಂಗ್‌ಗೆ ಹೊರಳಿದರು, ವೈದ್ಯರಾಗಿದ್ದವರಲ್ಲೂ ಕೆಲವರು ಮತ್ತೆ ತರಗತಿಗೆ ಹೋಗಿ ನರ್ಸಿಂಗ್ ಪದವಿ ಪಡೆದರು. ಪಾವೊಲೊ ಅಬಾರ್ಕಾರ್ ಮತ್ತು ಕ್ಯಾರೊಲೈನ್ ಥಿಯೊಹರೈಡ್ಸ್ ಎಂಬ ಅರ್ಥಶಾಸ್ತ್ರಜ್ಞರು ಆ ಅವಧಿಯ ದಾಖಲೆಗಳನ್ನು ಜಾಲಾಡಿ, ವಲಸೆ ಹೋದ ಪ್ರತಿ ಒಬ್ಬ ನರ್ಸ್‌ಗೆ ಹೊಸದಾಗಿ ಸುಮಾರು 9 ಮಂದಿ ನರ್ಸ್‌ಗಳು ಪರವಾನಗಿ ಪಡೆದರೆಂದು ಲೆಕ್ಕ ಹಾಕಿದರು. ಇದು ದೊಡ್ಡ ಸಂಖ್ಯೆ. ಆದರೆ ಕಥೆಯ ಉಳಿದ ಭಾಗವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ದಶಕದ ಕೊನೆಯ ಹೊತ್ತಿಗೆ ಅಮೆರಿಕದ ವೀಸಾಗಳು ಬತ್ತಿದವು. ಸಾಲ ಮಾಡಿ ಓದಿದ ಸಾವಿರಾರು ಯುವ ನರ್ಸ್‌ಗಳಿಗೆ ತಮ್ಮ ದೇಶದಲ್ಲಿಯೂ ಕೆಲಸವಿರಲಿಲ್ಲ. ಅನುಭವದ ಪ್ರಮಾಣಪತ್ರಕ್ಕಾಗಿ ಅನೇಕರು ಆಸ್ಪತ್ರೆಗಳಲ್ಲಿ ಸ್ವಯಂಸೇವಕರೆಂಬ ಹೆಸರಿನಲ್ಲಿ ಸಂಬಳವಿಲ್ಲದೆ ದುಡಿದರು, ಕೆಲವರು ಆ ಅವಕಾಶಕ್ಕಾಗಿ ಕೈಯಿಂದಲೇ ಶುಲ್ಕ ತೆತ್ತರು.

ಫಿಜಿಯ ಅನುಭವವೂ ಇದೇ ದಿಕ್ಕಿನದು. 1987ರಲ್ಲಿ ಅಲ್ಲಿ ಸೇನಾ ಕ್ಷಿಪ್ರಕ್ರಾಂತಿಗಳು ನಡೆದ ಮೇಲೆ ಭಾರತೀಯ ಮೂಲದ ಫಿಜಿಯನ್ನರು ದೊಡ್ಡ ಸಂಖ್ಯೆಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೊರಟರು. ಆ ದೇಶಗಳು ವಿದ್ಯೆಗೆ ಅಂಕ ಕೊಟ್ಟು ವೀಸಾ ನೀಡುತ್ತಿದ್ದುದರಿಂದ ಆ ಸಮುದಾಯದ ಯುವಕ ಯುವತಿಯರು ಉನ್ನತ ಶಿಕ್ಷಣಕ್ಕೆ ಮೊದಲಿಗಿಂತ ಹೆಚ್ಚು ಹೂಡಿದರು. ಹೋದವರನ್ನು ಕಳೆದ ಮೇಲೂ ದೇಶದಲ್ಲಿ ಉಳಿದ ವಿದ್ಯಾವಂತರ ಸಂಖ್ಯೆ ಕುಗ್ಗಲಿಲ್ಲ, ಬದಲಿಗೆ ಹೆಚ್ಚಿತು ಎಂದು ಸತೀಶ್ ಚಂದ್ ಮತ್ತು ಮೈಕೆಲ್ ಕ್ಲೆಮೆನ್ಸ್ ತೋರಿಸಿದ್ದಾರೆ.

ಇಷ್ಟನ್ನು ಓದಿ ವಲಸೆಯಿಂದ ಎಲ್ಲೆಡೆ ಒಳಿತೇ ಆಗುತ್ತದೆಂದು ತೀರ್ಮಾನಿಸುವವರನ್ನು ನಾನು ಒಪ್ಪಲಾರೆ. ಬೇಡಿಕೆ ಹುಟ್ಟಿದ ಕೂಡಲೇ ಹೊಸ ಸೀಟುಗಳನ್ನು ತೆರೆಯಬಲ್ಲ ಕಾಲೇಜುಗಳು ಇರಬೇಕು, ಓದಲು ಮುಂದಾದವರ ಬಳಿ ಶುಲ್ಕ ಕಟ್ಟುವ ಶಕ್ತಿ ಇರಬೇಕು, ಹೋಗುವವರ ಪಾಲು ಮಿತಿ ಮೀರದಿರಬೇಕು. ದೇಶಕ್ಕೊಂದೋ ಎರಡೋ ವೈದ್ಯಕೀಯ ಕಾಲೇಜುಗಳಿರುವಲ್ಲಿ ಯಾರ ಆಸೆ ಎಷ್ಟೇ ಬೆಳೆದರೂ ಸೀಟುಗಳು ಬೆಳೆಯುವುದಿಲ್ಲ. ಹೈಟಿ, ಜಮೈಕಾ, ಗಯಾನಾದಂಥ ಚಿಕ್ಕ ದೇಶಗಳಲ್ಲಿ ಪದವಿ ಪಡೆದವರ ಪೈಕಿ ಬಹುಪಾಲು ಮಂದಿ ಹೊರಗೆ ನೆಲೆಸಿದ್ದಾರೆ. 2000ದ ಸುಮಾರಿನ ಅಂದಾಜುಗಳಲ್ಲಿ ಆ ಪ್ರಮಾಣ ಶೇ. 80ನ್ನು ಮೀರಿತ್ತು. ಸಂಖ್ಯೆಯಲ್ಲಿ ಕಾಣದ ನಷ್ಟವೂ ಒಂದಿದೆ. ಶ್ರೀಮಂತ ದೇಶಗಳು ಹೆಚ್ಚಾಗಿ ಕೇಳುವುದು ಅನುಭವಸ್ಥರನ್ನು. ಹತ್ತು ವರ್ಷ ದುಡಿದ ಹಿರಿಯ ನರ್ಸ್ ಹೊರಟು ಆ ಜಾಗಕ್ಕೆ ಆಗತಾನೇ ಪಾಸಾದವರು ಬಂದರೆ ಹಾಜರಿ ಪುಸ್ತಕದ ಸಂಖ್ಯೆ ಸರಿಯಾಗಿಯೇ ಇರುತ್ತದೆ. ಆದರೆ ರಾತ್ರಿ ಪಾಳಿಯಲ್ಲಿ ರೋಗಿಯ ಉಸಿರಾಟದ ಸಣ್ಣ ಬದಲಾವಣೆಯನ್ನು ಗುರುತಿಸುವವರೂ, ಅದನ್ನು ಕಿರಿಯರಿಗೆ ಹೇಳಿಕೊಡುವವರೂ ವಾರ್ಡಿನಲ್ಲಿ ಇರುವುದಿಲ್ಲ.

ಆಫ್ರಿಕಾದ ಮಲಾವಿ ಈ ಸಂಕಟವನ್ನು ಅದರ ತೀವ್ರ ರೂಪದಲ್ಲಿ ಕಂಡಿತು. ಈ ಶತಮಾನದ ಆರಂಭದಲ್ಲಿ ಅಲ್ಲಿ ಏಡ್ಸ್ ಹಬ್ಬಿತ್ತು. ರೋಗಿಗಳ ಸಂಖ್ಯೆ ಏರುತ್ತಿದ್ದಾಗಲೇ ಆರೋಗ್ಯ ಸಿಬ್ಬಂದಿಯಲ್ಲಿ ಕೆಲವರು ಬ್ರಿಟನ್ ಮುಂತಾದ ಕಡೆ ಹೋಗುತ್ತಿದ್ದರು, ಇನ್ನು ಕೆಲವರು ಅದೇ ರೋಗಕ್ಕೆ ಬಲಿಯಾಗುತ್ತಿದ್ದರು. 2004ರಲ್ಲಿ ಸರ್ಕಾರವು ಬ್ರಿಟನ್ ಮೊದಲಾದವರ ನೆರವು ಪಡೆದು ತುರ್ತು ಯೋಜನೆಯೊಂದನ್ನು ಆರಂಭಿಸಿ, 11 ವರ್ಗಗಳ ಸಿಬ್ಬಂದಿಗೆ ಶೇ. 52ರಷ್ಟು ಹೆಚ್ಚುವರಿ ಸಂಬಳ ಕೊಟ್ಟಿತು, ತರಬೇತಿ ಸಂಸ್ಥೆಗಳನ್ನು ವಿಸ್ತರಿಸಿತು. ಐದು ವರ್ಷಗಳಲ್ಲಿ ಆ ವರ್ಗಗಳ ಸಿಬ್ಬಂದಿಯ ಸಂಖ್ಯೆ ಸುಮಾರು ಅರ್ಧದಷ್ಟು ಹೆಚ್ಚಿತು. ನನ್ನ ದೃಷ್ಟಿಯಲ್ಲಿ ಇದು ಬಹಳ ಮುಖ್ಯವಾದ ಪಾಠ, ಏಕೆಂದರೆ ಅಲ್ಲಿ ಯಾರ ಪಾಸ್‌ಪೋರ್ಟನ್ನೂ ಕಿತ್ತುಕೊಳ್ಳಲಿಲ್ಲ. ಉಳಿಯುವುದಕ್ಕೆ ಒಂದು ಕಾರಣವನ್ನೂ, ಹೊಸಬರು ಬರುವುದಕ್ಕೆ ಒಂದು ದಾರಿಯನ್ನೂ ಒಟ್ಟಿಗೆ ಒದಗಿಸಲಾಯಿತು.

ಕೊರತೆಯೆಲ್ಲಕ್ಕೂ ವಲಸೆಯನ್ನೇ ಹೊಣೆ ಮಾಡುವುದೂ ತಪ್ಪು. ಘಾನಾದಲ್ಲಿ ಹಳ್ಳಿಯ ಚಿಕಿತ್ಸಾಲಯಗಳಿಗೆ ನರ್ಸ್‌ಗಳು ಸಾಲದಿರುವಾಗಲೇ ತರಬೇತಿ ಮುಗಿಸಿದ ನರ್ಸ್‌ಗಳು ಸರ್ಕಾರಿ ನೇಮಕಾತಿಗಾಗಿ ವರ್ಷಗಟ್ಟಲೆ ಕಾದದ್ದುಂಟು. ಅವರಿಗೆ ಸಂಬಳ ಕೊಡಲು ಬಜೆಟ್ಟಿನಲ್ಲಿ ಹಣವಿರಲಿಲ್ಲ. 2020ರಲ್ಲಿ ಘಾನಾ ಸರ್ಕಾರವೇ ಒಪ್ಪಂದ ಮಾಡಿಕೊಂಡು ನರ್ಸ್‌ಗಳ ತಂಡವೊಂದನ್ನು ಬಾರ್ಬಡೋಸ್‌ಗೆ ಕಳುಹಿಸಿತು.

ಹೋದವರು ಕಳುಹಿಸುವ ಹಣ ಈ ಚರ್ಚೆಯಲ್ಲಿ ಎಲ್ಲರೂ ಎತ್ತುವ ವಿಷಯ. ವಿಶ್ವ ಬ್ಯಾಂಕಿನ ಅಂದಾಜಿನಂತೆ 2023ರಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೀಗೆ ಬಂದದ್ದು 65,000 ಕೋಟಿ ಡಾಲರಿಗೂ ಹೆಚ್ಚು, ಅಂದರೆ ಅವು ಪಡೆಯುವ ಅಧಿಕೃತ ವಿದೇಶಿ ನೆರವಿನ ಹಲವು ಪಟ್ಟು. ಆ ಹಣದಿಂದ ಮಕ್ಕಳು ಓದುತ್ತಾರೆ, ಮನೆಗಳು ಏಳುತ್ತವೆ. ಆದರೆ ಅದು ಸೇರುವುದು ಹೋದವರ ಕುಟುಂಬಗಳಿಗೆ. ವೈದ್ಯರಿಲ್ಲದೆ ಸೊರಗಿದ ಆಸ್ಪತ್ರೆಗೆ ಅದರಿಂದ ನೇರವಾಗಿ ಏನೂ ಸಿಗುವುದಿಲ್ಲ.

ಹಣಕ್ಕಿಂತ ದೀರ್ಘವಾದ ಪರಿಣಾಮ ಜ್ಞಾನ ಮತ್ತು ಪರಿಚಯಗಳದ್ದು. ತೈವಾನ್ 1980ರಲ್ಲಿ ಸಿಂಚು ವಿಜ್ಞಾನ ಪಾರ್ಕನ್ನು ಕಟ್ಟಿ, ಅಮೆರಿಕದಲ್ಲಿದ್ದ ತನ್ನ ಎಂಜಿನಿಯರುಗಳನ್ನು ಬನ್ನಿರೆಂದು ಕರೆಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಸುಮಾರು 25 ವರ್ಷ ದುಡಿದಿದ್ದ ಮಾರಿಸ್ ಚಾಂಗ್ 1985ರಲ್ಲಿ ತೈವಾನಿಗೆ ಹೋಗಿ, 1987ರಲ್ಲಿ ಟಿಎಸ್‌ಎಂಸಿ ಎಂಬ ಚಿಪ್ ತಯಾರಿಕಾ ಕಂಪನಿಯನ್ನು ಸ್ಥಾಪಿಸಿದರು. ಇಂದು ಜಗತ್ತಿನ ಅತ್ಯಾಧುನಿಕ ಚಿಪ್‌ಗಳಲ್ಲಿ ಬಹುಪಾಲು ಅಲ್ಲಿಯೇ ತಯಾರಾಗುತ್ತವೆ. ಅಂಥವರು ಬಂದು ನೆಲೆಸಲು ಕಾರ್ಖಾನೆ, ಬಂಡವಾಳ, ಕಾನೂನುಗಳೆಲ್ಲ ಅಲ್ಲಿ ಸಿದ್ಧವಾಗುತ್ತಿದ್ದವು. ಆ ಸಿದ್ಧತೆ ಇಲ್ಲದ ದೇಶಗಳು ತಾಯ್ನಾಡಿನ ಹೆಸರಿನಲ್ಲಿ ಎಷ್ಟೇ ಕರೆ ಕೊಟ್ಟರೂ ಮರಳುವವರು ಕೆಲವರೇ.

ಇನ್ನೊಂದು ಕಡೆ, ಎರಡೂ ದೇಶಗಳಿಗೆ ದಕ್ಕದೆ ಪೋಲಾಗುವ ಪರಿಣತಿಯೂ ಇದೆ. ಮೂಲ ದೇಶದ ಪದವಿಗೆ ಮಾನ್ಯತೆ ಸಿಗದೆ, ಮತ್ತೆ ಪರೀಕ್ಷೆ ಬರೆಯಲು ಹಣವೂ ಸಮಯವೂ ಇಲ್ಲದೆ ಟ್ಯಾಕ್ಸಿ ಓಡಿಸುವ ವೈದ್ಯರು, ಗೋದಾಮಿನಲ್ಲಿ ದುಡಿಯುವ ಎಂಜಿನಿಯರುಗಳು ಅನೇಕ ಶ್ರೀಮಂತ ನಗರಗಳಲ್ಲಿದ್ದಾರೆ.

ಹಾಗಾದರೆ ತಡೆಯಬೇಕೇ? ಕೋವಿಡ್ ಬಂದಾಗ, 2020ರಲ್ಲಿ, ಫಿಲಿಪೀನ್ಸ್ ತನ್ನ ನರ್ಸ್‌ಗಳು ಹೊರಹೋಗುವುದನ್ನು ಕೆಲಕಾಲ ನಿಷೇಧಿಸಿ, ಬಳಿಕ ವರ್ಷಕ್ಕಿಷ್ಟೇ ಎಂಬ ಮಿತಿ ಹಾಕಿತು. ಆದರೆ ಯಾವುದೇ ದೇಶವನ್ನು, ತನ್ನದನ್ನೂ ಸೇರಿ, ಬಿಟ್ಟು ಹೋಗುವುದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೆಯ ವಿಧಿ ಗುರುತಿಸಿದ ಹಕ್ಕು. ಬಡ ದೇಶದಲ್ಲಿ ಹುಟ್ಟಿದ ನರ್ಸ್‌ಗೆ ಆ ಹಕ್ಕು ಒಂದಿಷ್ಟು ಕಡಿಮೆ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಕರ್ತವ್ಯ ಹೆಚ್ಚಿರುವುದು ಕರೆಸಿಕೊಳ್ಳುವವರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2010ರಲ್ಲಿ ನೇಮಕಾತಿಯ ನೀತಿಸಂಹಿತೆಯೊಂದನ್ನು ಒಪ್ಪಿದವು. ಸಿಬ್ಬಂದಿಯ ಕೊರತೆ ತೀವ್ರವಾಗಿರುವ ದೇಶಗಳಿಗೆ ಹೋಗಿ ಮುಂದಾಗಿ ನೇಮಕ ಮಾಡಿಕೊಳ್ಳಬಾರದೆಂದು ಅದು ಹೇಳುತ್ತದೆ. 2023ರ ಪಟ್ಟಿಯಲ್ಲಿ ಅಂಥ ದೇಶಗಳು 55 ಇವೆ. ಆದರೆ ಸಂಹಿತೆ ಐಚ್ಛಿಕವಾದ್ದರಿಂದ ಮುರಿದವರಿಗೆ ದಂಡವಿಲ್ಲ.

ಇದಕ್ಕಿಂತ ಫಲಕಾರಿಯಾಗಿ ನನಗೆ ಕಾಣುವುದು ಕೌಶಲ ಪಾಲುದಾರಿಕೆ. 2018ರಲ್ಲಿ ವಿಶ್ವಸಂಸ್ಥೆಯ ವಲಸೆ ಒಡಂಬಡಿಕೆಯಲ್ಲಿ ಇದಕ್ಕೆ ಜಾಗ ಸಿಕ್ಕಿತು. ಕೆಲಸಗಾರರು ಬೇಕಾದ ದೇಶವು ಅವರ ಮೂಲ ದೇಶದಲ್ಲಿಯೇ ತರಬೇತಿಗೆ ಮುಂಚಿತವಾಗಿ ಹಣ ಹೂಡಬೇಕು. ತರಬೇತಾದವರಲ್ಲಿ ಕೆಲವರು ಹೋಗಬೇಕು, ಉಳಿದವರು ಅಲ್ಲಿಯೇ ಕೆಲಸ ಮಾಡಬೇಕು. ತರಬೇತಿ ಕೇಂದ್ರ ತೆರೆದರಷ್ಟೇ ಸಾಲದು ಎಂಬುದಕ್ಕೂ ಉದಾಹರಣೆಯಿದೆ. ಆಸ್ಟ್ರೇಲಿಯಾ 2007ರಿಂದ ಪೆಸಿಫಿಕ್ ದ್ವೀಪಗಳಲ್ಲಿ ತನ್ನ ಹಣದಿಂದ ತಾಂತ್ರಿಕ ತರಬೇತಿ ಕಾಲೇಜು ನಡೆಸಿ, ತನ್ನಲ್ಲಿ ಮಾನ್ಯವಾದ ಪ್ರಮಾಣಪತ್ರಗಳನ್ನೇ ಕೊಟ್ಟಿತು. ಬೆಸುಗೆ, ಅಡುಗೆ, ವಾಹನ ದುರಸ್ತಿ ಕಲಿತು ಸಾವಿರಾರು ಮಂದಿ ಪಾಸಾದರು, ಆದರೆ ಆಸ್ಟ್ರೇಲಿಯಾಕ್ಕೆ ಹೋಗಿ ಕೆಲಸ ಹಿಡಿಯಲು ಸಾಧ್ಯವಾದದ್ದು ಅತ್ಯಲ್ಪ ಮಂದಿಗೆ. ಅಲ್ಲಿನ ಉದ್ಯೋಗದಾತರನ್ನು ಮೊದಲಿನಿಂದ ಜೊತೆಗೂಡಿಸಿಕೊಂಡಿರಲಿಲ್ಲ, ವೀಸಾದ ದಾರಿಯನ್ನೂ ಪ್ರಮಾಣಪತ್ರಕ್ಕೆ ಜೋಡಿಸಿರಲಿಲ್ಲ. ಯಾವ ಉದ್ಯೋಗಕ್ಕೆ ಎಷ್ಟು ಮಂದಿ, ಯಾವ ವೀಸಾದಲ್ಲಿ, ಯಾರ ಖರ್ಚಿನಲ್ಲಿ ಎಂಬುದನ್ನು ಎರಡೂ ದೇಶಗಳು ಮೊದಲ ತರಗತಿ ಶುರುವಾಗುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕಾಗುತ್ತದೆ.