ಗ್ಲಾಸ್ ಬ್ಲಾಕ್ ಗೋಡೆ ಯಾಕೆ ಬಿರುಕು ಬಿಡುತ್ತದೆ?

ಬೆಂಗಳೂರಿನ 30x40 ಸೈಟಿನಲ್ಲಿ ಮನೆ ಕಟ್ಟುವವರಿಗೆಲ್ಲ ಒಂದೇ ತೊಂದರೆ. ಪಕ್ಕದ ಮನೆ ಕೈಗೆಟುಕುವಷ್ಟು ಹತ್ತಿರ ಇರುತ್ತದೆ. ಮೆಟ್ಟಿಲಿನ ಹತ್ತಿರ ಕಿಟಕಿ ಇಟ್ಟರೆ ಅವರ ಅಡುಗೆಮನೆ ಕಾಣುತ್ತದೆ, ಇಡದಿದ್ದರೆ ಹಗಲಲ್ಲೂ ಲೈಟ್ ಹಾಕಬೇಕು. ಬಚ್ಚಲುಮನೆಯದೂ ಇದೇ ಕಥೆ. ಇಂಥ ಕಡೆ ಗ್ಲಾಸ್ ಬ್ಲಾಕ್, ಅಂದರೆ ಗಾಜಿನ ಟೊಳ್ಳು ಇಟ್ಟಿಗೆ, ನಿಜಕ್ಕೂ ಒಳ್ಳೆಯ ಪರಿಹಾರ. ಬೆಳಕು ಬರುತ್ತದೆ, ಆಚೆಯ ಸದ್ದು ತಗ್ಗುತ್ತದೆ, ಗ್ರಿಲ್ ಬೇಕಿಲ್ಲ.

ಆದರೆ ನನ್ನ ಹತ್ತಿರ ಬರುವ ದೂರುಗಳೂ ಕಡಿಮೆ ಇಲ್ಲ. ಬ್ಲಾಕ್ ಸೀಳಿದೆ, ಸಂದಿನಲ್ಲಿ ನೀರು ಇಳಿಯುತ್ತಿದೆ, ಸಾಲು ಡೊಂಕಾಗಿದೆ. ಹೋಗಿ ನೋಡಿದರೆ ಬ್ಲಾಕಿನ ತಪ್ಪು ಇರುವುದು ಅಪರೂಪ. ಮೇಸ್ತ್ರಿಗಳು ಇಟ್ಟಿಗೆ ಕಟ್ಟಿದ ಹಾಗೇ ಅದನ್ನೂ ಕಟ್ಟಿರುತ್ತಾರೆ. ಇಟ್ಟಿಗೆ ನೀರು ಕುಡಿಯುತ್ತದೆ, ಭಾರ ಹೊರುತ್ತದೆ, ಬೇಕಾದ ಅಳತೆಗೆ ಒಡೆದುಕೊಳ್ಳಬಹುದು. ಗ್ಲಾಸ್ ಬ್ಲಾಕಿಗೆ ಈ ಮೂರೂ ಆಗುವುದಿಲ್ಲ. ಇದಿಷ್ಟನ್ನು ಮೇಸ್ತ್ರಿಗೆ ಮೊದಲೇ ಕೂತು ವಿವರಿಸಿದರೆ ಮುಕ್ಕಾಲು ತೊಂದರೆ ತಪ್ಪುತ್ತದೆ.

ಮೊದಲು ಅಳತೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಬ್ಲಾಕು 190 ಎಂಎಂ ಉದ್ದ, 190 ಎಂಎಂ ಎತ್ತರ, 80 ಎಂಎಂ ದಪ್ಪ. ಗಾಜಿನ ಎರಡು ಅರ್ಧ ಭಾಗಗಳನ್ನು ಬಿಸಿಯಲ್ಲೇ ಬೆಸೆದು ಮಾಡಿರುತ್ತಾರೆ, ಒಳಗೆ ಟೊಳ್ಳು. ಹಾಗಾಗಿ ಕತ್ತರಿಸುವ ಪ್ರಶ್ನೆಯೇ ಇಲ್ಲ. ಗೋಡೆಯಲ್ಲಿ ಬಿಡುವ ಜಾಗವೇ ಬ್ಲಾಕಿನ ಲೆಕ್ಕಕ್ಕೆ ಬರಬೇಕು. ಅಗಲಕ್ಕೆ ನಾಲ್ಕು, ಎತ್ತರಕ್ಕೆ ಆರು ಬ್ಲಾಕು ಅಂದುಕೊಳ್ಳಿ. ಅಗಲದಲ್ಲಿ ಬ್ಲಾಕಿನದೇ 760 ಎಂಎಂ, ನಡುವಿನ ಮೂರು ಸಂದು ತಲಾ 10 ಎಂಎಂ, ಎರಡೂ ಪಕ್ಕ 10 ಎಂಎಂ ಖಾಲಿ. ಒಟ್ಟು 810. ಎತ್ತರಕ್ಕೆ ಇದೇ ಲೆಕ್ಕದಲ್ಲಿ, ಕೆಳಗಿನ ಗಾರೆ ಮತ್ತು ಮೇಲಿನ ಖಾಲಿ ಜಾಗ ಸೇರಿಸಿ, 1210 ಎಂಎಂ ಇಟ್ಟುಕೊಳ್ಳಿ. ಪ್ಲಾಸ್ಟರಿಂಗ್ ದಪ್ಪವನ್ನೂ ಮರೆಯಬೇಡಿ. ಬ್ಲಾಕು ತಂದು ಒಂದು ಸಾಲು ನೆಲದ ಮೇಲೆ ಜೋಡಿಸಿ ನೋಡಿದ ಮೇಲೆ ಗೋಡೆ ಮುಟ್ಟುವುದು ಒಳ್ಳೆಯದು.

ಈ 24 ಬ್ಲಾಕುಗಳ ತೂಕ ಒಂದು ಸಿಮೆಂಟ್ ಮೂಟೆಗಿಂತ ಜಾಸ್ತಿ. ಕೆಳಗೆ ಗಟ್ಟಿ ಆಧಾರ ಬೇಕೇ ಬೇಕು. ಇನ್ನು ಮೇಲಿನ ಗೋಡೆಯ ಭಾರ ಬ್ಲಾಕಿನ ಮೇಲೆ ಒಂದಿಷ್ಟೂ ಬೀಳಬಾರದು. ಅದನ್ನು ಲಿಂಟಲ್, ಅಂದರೆ ಬಿಟ್ಟ ಜಾಗದ ಮೇಲಿನ ಅಡ್ಡ ತೊಲೆ, ಹೊರಬೇಕು. ಪ್ಯಾರಿಸ್‌ನಲ್ಲಿ 1932ರಲ್ಲಿ ಮುಗಿದ ‘ಮೇಜಾನ್ ದ ವೆರ್’ ಎಂಬ ಮನೆಯ ಮುಂಗೋಡೆ ಬಹುಪಾಲು ಗ್ಲಾಸ್ ಬ್ಲಾಕಿನದು. ಮೇಲಿನ ಮಹಡಿಯಲ್ಲಿದ್ದ ಅಜ್ಜಿ ಮನೆ ಬಿಡಲು ಒಪ್ಪಲಿಲ್ಲವಂತೆ. ಆ ಮಹಡಿಯನ್ನು ಹಾಗೇ ಉಳಿಸಿಕೊಂಡು ಕೆಳಗೆ ಹೊಸ ಮನೆ ಕಟ್ಟಿದರು. ನೋಡುವವರಿಗೆ ಗಾಜಿನ ಮೇಲೆ ಹಳೆಯ ಮನೆ ಕೂತ ಹಾಗಿದೆ. ಭಾರ ಹೊತ್ತಿರುವುದು ಮಾತ್ರ ಒಳಗಿನ ಉಕ್ಕಿನ ಕಂಬಗಳು.

ಲಿಂಟಲ್ ಇದ್ದರೂ ಬಿರುಕು ಬಿಡುವುದು ಯಾಕೆ? ಲಿಂಟಲ್ ಕೂಡ ಕಾಲ ಕಳೆದಂತೆ ಕೂದಲೆಳೆಯಷ್ಟು ಬಾಗುತ್ತದೆ. ಬಿಸಿಲಿಗೆ ಗಾಜು ಹಿಗ್ಗುತ್ತದೆ, ಪಕ್ಕದ ಗೋಡೆ ತನ್ನ ಲೆಕ್ಕದಲ್ಲಿ ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ಇವೆಲ್ಲ ಬಂದು ಒತ್ತುವುದು ಗಾಜನ್ನು. ಅದಕ್ಕೇ ಎರಡೂ ಪಕ್ಕ ಮತ್ತು ಮೇಲ್ಗಡೆ ಗಾರೆ ಹಾಕಬೇಡಿ. ಅಲ್ಲಿ ಮೆತ್ತನೆಯ ಫೋಮ್ ಪಟ್ಟಿ ಇಟ್ಟು, ಒಳಗೂ ಹೊರಗೂ ಸಿಲಿಕಾನ್ ತುಂಬಿ. ಸಂದು ಕಂಡರೆ ಸಿಮೆಂಟ್ ಮೆತ್ತುವುದು ಗಾರೆ ಕೆಲಸದವರಿಗೆ ಅಭ್ಯಾಸ. ಆ ಹೊತ್ತಿಗೆ ನೀವು ಅಲ್ಲೇ ನಿಂತಿರಿ. ಕೆಳಗಿನ ಕಟ್ಟೆಗೂ ಗಾರೆ ಹಾಕುವ ಮುಂಚೆ ಒಂದು ಕೋಟ್ ಬಿಟುಮೆನ್ (ಡಾಂಬರು) ಬಳಿಸಿ ಒಣಗಲು ಬಿಡಿ. ಕಟ್ಟೆ ಹೊರಕ್ಕೆ ಸ್ವಲ್ಪ ಇಳಿಜಾರಿರಲಿ.

ಈಗ ಗಾರೆ. ಬಿಳಿ ಸಿಮೆಂಟ್ ಒಂದು ಪಾಲಿಗೆ ಜರಡಿ ಹಿಡಿದ ಸಣ್ಣ ಮರಳು ಮೂರು ಪಾಲು, ಜತೆಗೆ ವಾಟರ್‌ಪ್ರೂಫಿಂಗ್ ಮಿಶ್ರಣ. ನೀರಿನ ವಿಷಯದಲ್ಲೇ ಜಾಸ್ತಿ ಜನ ಎಡವುವುದು. ಗಾಜು ಗಾರೆಯ ನೀರನ್ನು ಹೀರಿಕೊಳ್ಳುವುದಿಲ್ಲವಲ್ಲ, ಇಟ್ಟಿಗೆಯ ಗಾರೆಯಷ್ಟು ತೆಳ್ಳಗೆ ಕಲಸಿದರೆ ಬ್ಲಾಕು ತೇಲಿದ ಹಾಗೆ ಆಗುತ್ತದೆ. ಮೇಲೊಂದು ವರಸೆ (ಸಾಲು) ಇಟ್ಟ ಕೂಡಲೇ ಕೆಳಗಿನದು ಜಾರುತ್ತದೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ನೀರು ಸುರಿಯಬಾರದು. ಗಟ್ಟಿಯಾಗುತ್ತಾ ಬಂದ ಗಾರೆಗೆ ಮತ್ತೆ ನೀರು ಹಾಕಿ ಬಳಸಬೇಡಿ, ಎಸೆದುಬಿಡಿ. ಬ್ಲಾಕಿನ ಅಂಚಿನಲ್ಲಿ ಬಣ್ಣದಂಥ ಲೇಪ ಇರುತ್ತದೆ. ಕೊಳೆ ಅಂದುಕೊಂಡು ಅದನ್ನು ಕೆರೆದು ತೆಗೆಯುವವರನ್ನು ನೋಡಿದ್ದೇನೆ. ಗಾರೆ ಗಾಜಿಗೆ ಹಿಡಿದುಕೊಳ್ಳುವುದೇ ಆ ಲೇಪದಿಂದ.

ಇಟ್ಟಿಗೆಯಂತೆ ಸಂದು ತಪ್ಪಿಸಿ ಕಟ್ಟುವುದಿಲ್ಲ, ಸಂದಿನ ಮೇಲೆ ಸಂದು ನೇರ ಬರುತ್ತದೆ. ಹಾಗಾಗಿ ಗೋಡೆಗೆ ತನ್ನದೇ ಹಿಡಿತ ಕಡಿಮೆ. ಎರಡು ವರಸೆಗೊಮ್ಮೆ ಸಂದಿನಲ್ಲಿ ಕಂಬಿ ಕೂರಿಸಬೇಕು. ಕಂಬಿ ಗಾಜಿಗೆ ತಾಗಬಾರದು, ಸುತ್ತ ಗಾರೆ ಇರಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆ ದಯವಿಟ್ಟು ಸ್ಟೇನ್‌ಲೆಸ್ ಸ್ಟೀಲ್ ಕಂಬಿಯನ್ನೇ ಹಾಕಿಸಿ. ಉಪ್ಪುಗಾಳಿಗೆ ಸಾದಾ ಕಂಬಿ ತುಕ್ಕು ಹಿಡಿದು ಉಬ್ಬಿದರೆ ಒಡೆಯುವುದು ಬ್ಲಾಕು. ಪಕ್ಕದ ಗೋಡೆಗೆ ಹಿಡಿಸಲು ತೂತಿರುವ ತಗಡಿನ ಪಟ್ಟಿ ಸಿಗುತ್ತದೆ, ಅದು ಗಾಜಿನ ಗೋಡೆಯನ್ನು ಹಿಡಿದಿಟ್ಟೂ ಸ್ವಲ್ಪ ಆಡಲು ಬಿಡುತ್ತದೆ. ಸಂದು ಸಮವಾಗಿರಲು ಬ್ಲಾಕಿನ ಪ್ರತಿ ಮೂಲೆಗೂ ಪ್ಲಾಸ್ಟಿಕ್ ಸ್ಪೇಸರ್ ಬೇಕು. ಒಂದು ದಿನಕ್ಕೆ ಮೂರು-ನಾಲ್ಕು ವರಸೆ ಸಾಕು. ಒಂದೊಂದು ವರಸೆಗೂ ರಸಮಟ್ಟ, ತೂಗುಗುಂಡು ಹಿಡಿದು ನೋಡಬೇಕು. ಮೇಲೆ ಹೋದ ಮೇಲೆ ಸರಿಮಾಡಲು ಆಗುವುದಿಲ್ಲ.

ಗಾಜಿನ ಮೇಲೆ ಬಿದ್ದ ಗಾರೆಯನ್ನು ಅವತ್ತೇ ಒದ್ದೆ ಸ್ಪಂಜಿನಿಂದ ಒರೆಸಿ. ಒಣಗಿದ ಮೇಲೆ ಆಸಿಡ್ ಹಾಕಿ ತೊಳೆಯುವ ಚಾಳಿ ಇದೆ, ಬೇಡ. ಅದು ಸಂದನ್ನು ತಿನ್ನುತ್ತದೆ.

ಕೊಳ್ಳುವ ಮುಂಚೆ ಯೋಚಿಸಬೇಕಾದ ಇನ್ನೆರಡು ವಿಷಯ ಇವೆ. ಗ್ಲಾಸ್ ಬ್ಲಾಕು ಗಾಳಿ ಕೊಡುವುದಿಲ್ಲ. ಬಚ್ಚಲುಮನೆಗೆ ಎಕ್ಸಾಸ್ಟ್ ಫ್ಯಾನಿಗೋ ಒಂದು ಸಣ್ಣ ವೆಂಟಿಲೇಟರಿಗೋ ಬೇರೆ ಜಾಗ ಬಿಡಲೇಬೇಕು. ಹಾಗೆಯೇ, ಹಗಲಲ್ಲಿ ಅಂಗಡಿಯಲ್ಲಿ ನೋಡಿ ಬ್ಲಾಕು ಆರಿಸಬೇಡಿ. ರಾತ್ರಿ ಒಳಗೆ ಲೈಟ್ ಹಾಕಿದಾಗ ಅಲೆಯ ಡಿಸೈನಿನ ಗಾಜಿನಲ್ಲಿ ಒಳಗಿರುವವರ ಆಕಾರ ಹೊರಗೆ ಕಾಣುತ್ತದೆ. ಬಚ್ಚಲಿಗೆ ಫ್ರಾಸ್ಟೆಡ್ ಗಾಜೇ ಸರಿ. ಪಶ್ಚಿಮದ ಗೋಡೆಗೆ ದೊಡ್ಡದಾಗಿ ಇದನ್ನು ಹಾಕಿಸಲು ನಾನು ಒಪ್ಪುವುದಿಲ್ಲ. ಟೊಳ್ಳಿರುವುದರಿಂದ ಒಂಟಿ ಗಾಜಿಗಿಂತ ಕಾವು ಕಡಿಮೆ, ನಿಜ. ಆದರೆ ರಾಯಚೂರು, ಕಲಬುರಗಿಯ ಸಂಜೆ ಬಿಸಿಲಿಗೆ ಅದು ಏನೇನೂ ಸಾಲದು. ಉತ್ತರ, ಪೂರ್ವ ಅಥವಾ ಆಳವಾದ ಸಜ್ಜಾದ ಕೆಳಗೆ ಹಾಕಿ.

ಲೆಕ್ಕಕ್ಕಿಂತ ಮೂರು-ನಾಲ್ಕು ಬ್ಲಾಕು ಜಾಸ್ತಿ ತಂದಿಟ್ಟುಕೊಳ್ಳಿ. ಮುಂದೆ ಅದೇ ಬಣ್ಣ, ಅದೇ ಡಿಸೈನ್ ಸಿಗುವುದು ಕಷ್ಟ. ಯಾವುದಾದರೂ ಬ್ಲಾಕಿನ ಒಳಗೆ ನೀರಿನ ಹನಿ ಕಂಡರೆ ಅದರ ಬೆಸುಗೆ ಬಿಟ್ಟಿದೆ ಎಂದರ್ಥ, ಬದಲಾಯಿಸಬೇಕು. ಅದಕ್ಕೆ ಇಡೀ ಗೋಡೆ ಕೀಳಬೇಕಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು ಆ ಬ್ಲಾಕನ್ನು ನಡುವಿನಿಂದ ಒಡೆದು, ಚೂರುಗಳನ್ನು ಒಳಮುಖವಾಗಿ ತೆಗೆಯಬೇಕು. ಸುತ್ತಲಿನ ಹಳೆಯ ಗಾರೆಯನ್ನು ಸಣ್ಣ ಉಳಿಯಿಂದ ನಿಧಾನವಾಗಿ ಕೆತ್ತಿ, ಹೊಸದನ್ನು ಅದೇ ಗಟ್ಟಿ ಗಾರೆಯಲ್ಲಿ ಕೂರಿಸಿದರೆ ಆಯಿತು.