ಓವರ್‌ಕ್ಲಾಕ್ ಮಾಡುವ ಮುನ್ನ ಮದರ್‌ಬೋರ್ಡಿನ ಹೀಟ್‌ಸಿಂಕ್ ನೋಡಿ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಒಬ್ಬ ಹುಡುಗ ತನ್ನ ಡೆಸ್ಕ್‌ಟಾಪಿಗೆ ಥರ್ಮೊಕೋಲ್ ಸುತ್ತಿ, ರೈಲಿನಲ್ಲಿ ಹೊತ್ತುಕೊಂಡು ನನ್ನ ಹತ್ತಿರ ಬಂದಿದ್ದ. ಮದುವೆ ವಿಡಿಯೊ ಎಡಿಟ್ ಮಾಡುವವನು. ಮನೆಯಲ್ಲಿ ತಾನೇ ಜೋಡಿಸಿದ ಕಂಪ್ಯೂಟರ್. ಇಂಟೆಲ್ ಐ7-13700ಕೆ ಪ್ರೊಸೆಸರ್, 360 ಮಿಲಿಮೀಟರ್ ಲಿಕ್ವಿಡ್ ಕೂಲರ್, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್. ಎಲ್ಲವನ್ನೂ ನೋಡಿ ನೋಡಿ ಆರಿಸಿದ್ದ.

"ಸಾರ್, ಮೊದಲ ಹತ್ತು ನಿಮಿಷ ಚೆನ್ನಾಗಿ ಓಡುತ್ತೆ. ಆಮೇಲೆ ರೆಂಡರ್ ತೆವಳೋಕೆ ಶುರು ಮಾಡುತ್ತೆ. ಪ್ರೊಸೆಸರ್ ಬಿಸೀನೂ ಆಗಿಲ್ಲ. ಓವರ್‌ಕ್ಲಾಕ್ ಮಾಡಿದ್ರೆ ಸರಿ ಹೋಗುತ್ತಾ?"

ಓವರ್‌ಕ್ಲಾಕ್ ಅಂದರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸುವುದು. ರೆಂಡರ್ ಅಂದರೆ ಎಡಿಟ್ ಮಾಡಿದ್ದನ್ನೆಲ್ಲ ಸೇರಿಸಿ ಕೊನೆಯ ವಿಡಿಯೊ ಮಾಡುವುದು. ಅವನದೇ ಒಂದು ಪ್ರಾಜೆಕ್ಟ್ ರೆಂಡರ್‌ಗೆ ಹಾಕಿ, ಒಳಗಿನ ಬಿಸಿ ಎಷ್ಟೆಂದು ತೋರಿಸುವ ಹೆಚ್‌ಡಬ್ಲ್ಯು ಇನ್ಫೊ ತೆರೆದು ಕೂತೆ. ಪ್ರೊಸೆಸರ್ 70 ಡಿಗ್ರಿಯ ಆಸುಪಾಸಿನಲ್ಲಿ ಆರಾಮವಾಗಿತ್ತು. ಕೆಳಗೆ ಇನ್ನೊಂದು ಸಾಲು, ವಿಆರ್‌ಎಂ ಎಂದು. ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಬೋರ್ಡಿನ ಭಾಗ ಅದು. ಅಲ್ಲಿ 113 ಡಿಗ್ರಿ. ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ತಿರುಗಿಸಿ ಇಟ್ಟೆವು. ಮೂರು ನಿಮಿಷದಲ್ಲಿ ವೇಗ ಮರಳಿ ಬಂತು. ಬೋರ್ಡ್ ನೋಡಿದರೆ, ಪ್ರೊಸೆಸರ್ ಕೂರುವ ಸಾಕೆಟ್ಟಿನ ಎಡಗಡೆ, ಆ ವಿದ್ಯುತ್ ಹಾಯಿಸುವ ಮಾಸ್‌ಫೆಟ್ ಚಿಪ್‌ಗಳು ಬೆತ್ತಲೆ ನಿಂತಿದ್ದವು. ಮೇಲೆ ಶಾಖ ಹೀರಿ ಹೊರಹಾಕುವ ಲೋಹದ ತುಂಡು, ಹೀಟ್‌ಸಿಂಕೇ ಇರಲಿಲ್ಲ. ಪ್ರೊಸೆಸರಿಗೆ ಕೊಟ್ಟ ದುಡ್ಡಿನ ಕಾಲು ಭಾಗದ ಬೋರ್ಡ್ ಅದು.

ಇಂಥ ಕಂಪ್ಯೂಟರ್‌ಗಳು ನನ್ನ ಬೆಂಚಿಗೆ ಬರುತ್ತಲೇ ಇರುತ್ತವೆ. ಪ್ರೊಸೆಸರ್, ಕಾರ್ಡ್, ಕೂಲರ್ ಎಲ್ಲ ಮುಗಿದ ಮೇಲೆ ಉಳಿದ ದುಡ್ಡಿನಲ್ಲಿ ಬೋರ್ಡ್ ಕೊಳ್ಳುತ್ತಾರೆ. ಓವರ್‌ಕ್ಲಾಕ್ ಮಾಡುವ ಯೋಚನೆ ಇದ್ದರೆ ಈ ಕ್ರಮ ತಿರುಗಿಸಬೇಕು. ಯಾಕೆ ಅಂತ ಹೇಳುತ್ತೇನೆ.

ಕಂಪ್ಯೂಟರಿನ ಪವರ್ ಸಪ್ಲೈ ಆದ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದ್ದು ಸುಮಾರು 1.25 ವೋಲ್ಟ್. ಇದನ್ನು ಇಳಿಸಿಕೊಡುವ ವಿಭಾಗವೇ ವಿಆರ್‌ಎಂ. 13700ಕೆಗೆ ಇಂಟೆಲ್ ಹೇಳುವ ಗರಿಷ್ಠ ಟರ್ಬೊ ಪವರ್ 253 ವ್ಯಾಟ್. ಅದನ್ನು 1.25ರಿಂದ ಭಾಗಿಸಿ ನೋಡಿ. 200 ಆಂಪಿಯರ್ ದಾಟುತ್ತದೆ! ನಿಮ್ಮ ಬಚ್ಚಲುಮನೆಯ 2,000 ವ್ಯಾಟ್ ಗೀಜರ್ ಎಳೆಯುವುದು ಸುಮಾರು 9 ಆಂಪಿಯರ್. ವೋಲ್ಟೇಜ್ ಬೇರೆ ಬೇರೆ, ನಿಜ. ಆದರೆ ತಾಮ್ರ ಮತ್ತು ಮಾಸ್‌ಫೆಟ್ ಬಿಸಿಯಾಗುವುದು ಆಂಪಿಯರಿನಿಂದಲೇ.

ಈ 200 ಆಂಪಿಯರನ್ನು ಒಂದೇ ದಾರಿಯಲ್ಲಿ ಕಳಿಸಲಾಗದು. ಅದಕ್ಕೇ ಹಲವು ಫೇಸ್‌ಗಳು, ಅಂದರೆ ಕರೆಂಟನ್ನು ಹಂಚಿಕೊಂಡು ಸಾಗಿಸುವ ಬೇರೆ ಬೇರೆ ದಾರಿಗಳು. ಎಪಿಎಂಸಿ ಯಾರ್ಡಿನಲ್ಲಿ ಲಾರಿ ಮೂಟೆ ಇಳಿಸುವುದನ್ನು ನೆನೆಯಿರಿ. ಆರು ಹಮಾಲಿಗಳಿದ್ದರೆ ಒಬ್ಬೊಬ್ಬರಿಗೂ ಭಾರ ಜಾಸ್ತಿ. ಹತ್ತು ಜನ ಇದ್ದರೆ ಹಗುರ. ಇಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಕರೆಂಟ್ ಎರಡು ಪಟ್ಟಾದರೆ ಅದು ಹರಿಯುವಾಗ ಆಗುವ ಶಾಖ ನಾಲ್ಕು ಪಟ್ಟು. 10 ಫೇಸ್ ಇದ್ದರೆ ಒಂದೊಂದಕ್ಕೆ 20 ಆಂಪಿಯರ್. 6 ಇದ್ದರೆ 33. ಆರೂ ಸೇರಿ ಹತ್ತಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಬಿಸಿಯಾಗುತ್ತವೆ, ಮಾಸ್‌ಫೆಟ್ ಒಂದೇ ಗುಣಮಟ್ಟದ್ದಾದರೂ. ಪ್ರೊಸೆಸರಿಗೆ 250 ವ್ಯಾಟ್ ಕೊಡುವಾಗ ವಿಆರ್‌ಎಂ ನೂರಕ್ಕೆ ಹತ್ತು ಕಳೆದುಕೊಂಡರೂ ಸುಮಾರು 25 ವ್ಯಾಟ್ ಶಾಖ. ಒಂದು ಸಣ್ಣ ಬೆಸುಗೆ ಕಡ್ಡಿಯಷ್ಟು. ಅದನ್ನು ಎಲ್ಲಿಗಾದರೂ ಸಾಗಿಸಲೇಬೇಕಲ್ವಾ?

ದಾವಣಗೆರೆ ಹುಡುಗನ ವಿಷಯದಲ್ಲಿ ಲಿಕ್ವಿಡ್ ಕೂಲರ್ ಸಮಸ್ಯೆಯನ್ನು ಹೆಚ್ಚಿಸಿತ್ತು. ಪ್ರೊಸೆಸರ್ ಮೇಲೆ ಕೂರುವ ಏರ್ ಕೂಲರಿನ ಫ್ಯಾನ್ ಸಾಕೆಟ್ಟಿನ ಸುತ್ತಲೂ ಅಷ್ಟಿಷ್ಟು ಗಾಳಿ ಆಡಿಸುತ್ತದೆ. ಲಿಕ್ವಿಡ್ ಕೂಲರಿನಲ್ಲಿ ಅಲ್ಲಿರುವುದು ಬರೀ ಪಂಪ್. ಫ್ಯಾನುಗಳೆಲ್ಲ ರೇಡಿಯೇಟರ್ ಹತ್ತಿರ. ಹೆಚ್ಚು ದುಡ್ಡು ಕೊಟ್ಟು ಒಳ್ಳೆಯ ಕೂಲರ್ ತಂದಿದ್ದರಿಂದಲೇ ವಿಆರ್‌ಎಂಗೆ ಗಾಳಿ ತಪ್ಪಿತ್ತು. ಅವನಿಗೆ ಇದನ್ನು ಯಾರೂ ಹೇಳಿರಲಿಲ್ಲ. ನನಗೆ ಬೇಜಾರಾಗುವುದು ಇಂಥದಕ್ಕೇ.

ಹಾಗಾದರೆ ಅಂಗಡಿಯಲ್ಲಿ ಏನು ನೋಡಬೇಕು? ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕೊಳ್ಳಿ, ಆನ್‌ಲೈನಿನಲ್ಲಿ ಕೊಳ್ಳಿ, ಡಬ್ಬಿಯ ಮೇಲೆ ಫೇಸ್‌ಗಳ ಲೆಕ್ಕ 16+1+2 ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಮೊದಲ ಅಂಕಿ ಮಾತ್ರ ಪ್ರೊಸೆಸರ್ ಕೋರ್‌ಗಳಿಗೆ. ಉಳಿದವು ಒಳಗಿನ ಗ್ರಾಫಿಕ್ಸ್ ಮತ್ತಿತರ ಭಾಗಗಳಿಗೆ. ಆ 16 ಕೂಡ ಎಷ್ಟೋ ಸಲ ಎಂಟು ಜೋಡಿ. ಜೋಡಿಯಾಗಿ ಕೆಲಸ ಮಾಡುವುದು ತಪ್ಪೇನಲ್ಲ, ಭಾರ ಹಂಚಿಹೋಗುತ್ತದೆ. ಆದರೆ ಅಂಕಿ ನೋಡಿಯೇ ಮರುಳಾಗಬೇಡಿ. ಒಂದೊಂದು ಫೇಸ್‌ನ ಮಾಸ್‌ಫೆಟ್ ಚಿಪ್, ಅಂದರೆ ಪವರ್ ಸ್ಟೇಜ್, ಎಷ್ಟು ಆಂಪಿಯರಿನದು ಎಂದು ನೋಡಿ. 50, 60, 80, 90 ಹೀಗೆ ಇರುತ್ತದೆ. 50 ಆಂಪಿಯರಿನ ಎಂಟಕ್ಕಿಂತ 90ರ ಹನ್ನೆರಡು ತಣ್ಣಗೆ ಇರುತ್ತದೆ. ಡಬ್ಬಿಯ ಅಂಕಿ ತಣ್ಣಗಿನ ಪ್ರಯೋಗಶಾಲೆಯದು, ನಮ್ಮ ಕ್ಯಾಬಿನೆಟ್ಟಿನೊಳಗಿನದಲ್ಲ. ಆದ್ದರಿಂದ ಬೇಕಾದ್ದಕ್ಕಿಂತ ಎರಡು ಪಟ್ಟು ಸಾಮರ್ಥ್ಯ ಇರಲಿ ಅನ್ನುವುದು ನನ್ನ ಅಭ್ಯಾಸ.

ಆಮೇಲೆ ಹೀಟ್‌ಸಿಂಕ್. ಅಂಗಡಿಯವರು ಡಬ್ಬಿ ತೆರೆದು ತೋರಿಸಿದರೆ ಕೈಯಲ್ಲಿ ಹಿಡಿದು ನೋಡಿ. ಲೋಹದ ಗಟ್ಟಿ ತುಂಡು, ಅದರಲ್ಲಿ ಗಾಳಿ ನುಗ್ಗಲು ಸೀಳುಗಳು, ಹಿಂದಿನಿಂದ ಸ್ಕ್ರೂ ಹಾಕಿ ಬಿಗಿದಿರುವುದು, ಇದು ನಿಜವಾದ ಹೀಟ್‌ಸಿಂಕ್. ಕೆಲವು ಬೋರ್ಡುಗಳಲ್ಲಿ ಸಣ್ಣ ಲೋಹದ ಮೇಲೆ ದೊಡ್ಡ ಪ್ಲಾಸ್ಟಿಕ್ ಕವಚ, ಅದರೊಳಗೆ ಬಣ್ಣದ ದೀಪ. ಆ ಕವಚ ಶಾಖ ಹೊರಹಾಕುವುದಿಲ್ಲ, ಗಾಳಿಗೇ ಅಡ್ಡ. ಮೇಲೆ 8 ಪಿನ್ನಿನ ಪವರ್ ಕನೆಕ್ಟರ್ ಎರಡಿದೆಯೇ ನೋಡಿ. ನಿಮ್ಮ ಎಸ್‌ಎಂಪಿಎಸ್‌ನಲ್ಲೂ ಅದಕ್ಕೆ ಎರಡು ಕೇಬಲ್ ಇರಬೇಕು.

ಇನ್ನು ಚಿಪ್‌ಸೆಟ್, ಅಂದರೆ ಬೋರ್ಡಿನಲ್ಲಿ ಏನೇನು ಮಾಡಬಹುದು ಎಂದು ತೀರ್ಮಾನಿಸುವ ಚಿಪ್. ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ದಂಡ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಇರುವ ಪ್ರೊಸೆಸರ್ ಬೇಕು, ಜೊತೆಗೆ ಝೆಡ್ ಸರಣಿಯ ಬೋರ್ಡ್ ಬೇಕು. 12, 13, 14ನೇ ತಲೆಮಾರಿಗೆ ಝೆಡ್690 ಅಥವಾ ಝೆಡ್790. ಕೋರ್ ಅಲ್ಟ್ರಾ 200ಎಸ್ ಸರಣಿಗೆ ಝೆಡ್890. ಬಿ760 ಬೋರ್ಡಿನಲ್ಲಿ ರ‍್ಯಾಮ್ ವೇಗ ಏರಿಸಬಹುದು, ಪ್ರೊಸೆಸರಿನ ಕೋರ್‌ಗಳ ವೇಗ ನಿರ್ಧರಿಸುವ ಗುಣಕ ಏರಿಸಲು ಬಿಡುವುದಿಲ್ಲ. ದಾವಣಗೆರೆ ಹುಡುಗನ ಬೋರ್ಡ್ ಬಿ760. ಓವರ್‌ಕ್ಲಾಕ್‌ಗೆ ಅದರಲ್ಲಿ ದಾರಿಯೇ ಇರಲಿಲ್ಲ. ಕೆ ಪ್ರೊಸೆಸರಿಗೆ ಕೊಟ್ಟ ಹೆಚ್ಚುವರಿ ದುಡ್ಡಿನ ಒಂದು ಭಾಗ ಸುಮ್ನೆ ಕೂತಿತ್ತು.

ಎಎಂಡಿ ಈ ವಿಷಯದಲ್ಲಿ ಉದಾರಿ. ರೈಜನ್‌ಗಳಲ್ಲಿ ಬಹುಪಾಲು ಬೀಗವಿಲ್ಲದವು, ಬಿ650ಯಂಥ ಮಧ್ಯಮ ಬೋರ್ಡಿನಲ್ಲೂ ಓವರ್‌ಕ್ಲಾಕ್ ಆಗುತ್ತದೆ. ಎ620 ಮಾತ್ರ ಬೇಡ. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ ರೈಜನ್ 7000, 8000, 9000 ಮೂರೂ ಸರಣಿ ಕೂರುತ್ತವೆ. ಇವತ್ತು ಒಳ್ಳೆಯ ಬೋರ್ಡ್ ಕೊಂಡು, ನಾಳೆ ಪ್ರೊಸೆಸರ್ ಮಾತ್ರ ಬದಲಾಯಿಸುವವರಿಗೆ ನಾನು ಇದನ್ನೇ ಹೇಳುವುದು. ಹೆಸರಿನಲ್ಲಿ ಎಕ್ಸ್‌3ಡಿ ಇರುವ, ಹೆಚ್ಚುವರಿ ಕ್ಯಾಶ್ ಮೆಮೊರಿಯ ರೈಜನ್ ಕೊಳ್ಳುವವರು ಒಂದು ನೆನಪಿಡಿ. 7800ಎಕ್ಸ್‌3ಡಿಯ ಗುಣಕ ಏರಿಸಲು ಬರುವುದಿಲ್ಲ, 9800ಎಕ್ಸ್‌3ಡಿಯಲ್ಲಿ ಬರುತ್ತದೆ.

ಈಗ ಕಹಿ ಲೆಕ್ಕ ಒಂದು ಹೇಳಲೇಬೇಕು. 1998ರಲ್ಲಿ ಸೆಲೆರಾನ್ 300ಎ ಎಂಬ ಪ್ರೊಸೆಸರ್ ಬಂದಿತ್ತು. ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಇದ್ದದ್ದು 450 ಆಗುತ್ತಿತ್ತು. ಅರ್ಧದಷ್ಟು ವೇಗ ಬಿಟ್ಟಿ. ಆ ಕಾಲ ಹೋಯಿತು. ಈಗಿನ ಪ್ರೊಸೆಸರ್‌ಗಳನ್ನು ಕಂಪನಿಯವರೇ ಅಂಚಿನವರೆಗೂ ಓಡಿಸಿ ಕಳಿಸುತ್ತಾರೆ. 13700ಕೆಯ ದೊಡ್ಡ ಕೋರ್‌ಗಳನ್ನೆಲ್ಲ 5.3ರಿಂದ 5.5 ಗಿಗಾಹರ್ಟ್ಸ್‌ಗೆ ಏರಿಸಲು ವೋಲ್ಟೇಜ್ 1.25ರಿಂದ 1.35ಕ್ಕೆ ಹೋಯಿತು ಅಂದುಕೊಳ್ಳಿ. ಶಾಖ ಏರುವುದು ವೇಗದ ಜೊತೆಗೆ, ವೋಲ್ಟೇಜಿನ ವರ್ಗದ ಜೊತೆಗೆ. ವೇಗ ಏರಿದ್ದು ನೂರಕ್ಕೆ 4. ಶಾಖ ನೂರಕ್ಕೆ 21. ಈ 21ರ ಹೊರೆ ಮೊದಲು ಬೀಳುವುದು ವಿಆರ್‌ಎಂ ಮೇಲೆ. ಇಷ್ಟು ಗೊತ್ತಿದ್ದೂ ಮಾಡುವುದಾದರೆ ಮಾಡಿ. ನನಗೂ ಅದರಲ್ಲಿ ಖುಷಿ ಇದೆ, 20 ವರ್ಷದಿಂದ ಮಾಡುತ್ತಿದ್ದೇನೆ.

ನಿಜವಾದ ಲಾಭ ಹೆಚ್ಚಾಗಿ ಸಿಗುವುದು ರ‍್ಯಾಮ್‌ನಲ್ಲಿ. ಅದೂ ಬೋರ್ಡಿನ ಗುಣವನ್ನೇ ನೆಚ್ಚಿದೆ. ನಾಲ್ಕು ಸ್ಲಾಟ್ ಇದ್ದರೆ ನಾಲ್ಕನ್ನೂ ತುಂಬಬೇಕು ಅನ್ನಿಸುತ್ತದೆ. ಡಿಡಿಆರ್5ನಲ್ಲಿ ಅದು ದೊಡ್ಡ ತಪ್ಪು. ರೈಜನ್ 7000ಕ್ಕೆ ಎಎಂಡಿ ಹೇಳುವ ಅಧಿಕೃತ ವೇಗ ಎರಡು ಸ್ಟಿಕ್ ಇದ್ದರೆ 5200, ನಾಲ್ಕಿದ್ದರೆ 3600. ಎಷ್ಟು ಬಿತ್ತು ನೋಡಿ. 64 ಜಿಬಿ ಬೇಕಿದ್ದರೆ 32ರ ಎರಡು ತನ್ನಿ, 16ರ ನಾಲ್ಕು ಬೇಡ. ಆ ಎರಡನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ತಪ್ಪು ಸ್ಲಾಟಿಗೆ ಹಾಕಿ "ರ‍್ಯಾಮ್ ಸರಿಯಿಲ್ಲ" ಎಂದು ವಾಪಸ್ ತಂದವರನ್ನು ಬೇಕಾದಷ್ಟು ನೋಡಿದ್ದೇನೆ. ರ‍್ಯಾಮ್ ವೇಗವೇ ಮುಖ್ಯ ಅನ್ನುವವರಿಗೆ ಎರಡೇ ಸ್ಲಾಟಿನ ಬೋರ್ಡ್ ಇನ್ನೂ ಒಳ್ಳೆಯದು. ಎಎಂ5ಗೆ 6000 ವೇಗದ ಎಕ್ಸ್‌ಪೊ ಜೋಡಿ, ಅಂದರೆ ಎಎಂಡಿಗೆಂದೇ ವೇಗದ ಸೆಟ್ಟಿಂಗ್ ಸಿದ್ಧವಾಗಿರುವ ರ‍್ಯಾಮ್ ಹಾಕಿಸಿ ಸುಮ್ಮನಿರಿ ಅಂತ ಹೇಳುತ್ತೇನೆ. ಅದಕ್ಕಿಂತ ಮೇಲೆ ಹೋಗಲು ಪಡುವ ಪಾಡಿಗೆ ಸಿಗುವುದು ಕಡಿಮೆ.

ಬಯಾಸ್ ಅಂದರೆ ಕಂಪ್ಯೂಟರ್ ಆನ್ ಮಾಡಿದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ. ಅದರ ಬಗ್ಗೆ ಎರಡು ಘಟನೆ ಹೇಳಿದರೆ ಸಾಕು. 2023ರ ಏಪ್ರಿಲಿನಲ್ಲಿ ಕೆಲವು ರೈಜನ್ 7000 ಎಕ್ಸ್‌3ಡಿ ಪ್ರೊಸೆಸರ್‌ಗಳು ಸಾಕೆಟ್ಟಿನಲ್ಲೇ ಸುಟ್ಟವು. ಎಕ್ಸ್‌ಪೊ ಆನ್ ಮಾಡಿದಾಗ ಬೋರ್ಡ್ ಎಸ್‌ಒಸಿ ವೋಲ್ಟೇಜನ್ನು, ಅಂದರೆ ಪ್ರೊಸೆಸರಿನಲ್ಲಿ ರ‍್ಯಾಮ್ ನೋಡಿಕೊಳ್ಳುವ ಭಾಗಕ್ಕೆ ಹೋಗುವುದನ್ನು, ಮಿತಿಮೀರಿ ಏರಿಸುತ್ತಿತ್ತು. ಎಎಂಡಿ ಅದನ್ನು 1.3 ವೋಲ್ಟಿಗೆ ಕಟ್ಟಿಹಾಕಿ ಹೊಸ ಬಯಾಸ್ ಕೊಡಿಸಿತು. 2024ರಲ್ಲಿ ಇಂಟೆಲ್ ಸರದಿ. 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳು ಜಾಸ್ತಿ ವೋಲ್ಟೇಜ್ ಕೇಳಿ ಕೇಳಿ ಒಳಗೇ ಹಾಳಾಗುತ್ತಿದ್ದವು. ಆಗಸ್ಟಿನಿಂದ ಪ್ರೊಸೆಸರಿನ ಒಳಗಿನ ತಂತ್ರಾಂಶವಾದ ಮೈಕ್ರೊಕೋಡಿಗೆ ತಿದ್ದುಪಡಿ ಬಯಾಸ್ ಮೂಲಕ ಬಂತು, ಇಂಟೆಲ್ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ದಾವಣಗೆರೆ ಹುಡುಗನ ಬೋರ್ಡಿನಲ್ಲಿದ್ದದ್ದು ಅದಕ್ಕೂ ಹಿಂದಿನ ಬಯಾಸ್. ನಾನು ಮೊದಲು ಮಾಡಿದ ಕೆಲಸ ಅದನ್ನು ಬದಲಾಯಿಸಿದ್ದು.

ಅದಕ್ಕೇ, ಬೋರ್ಡ್ ಕೊಳ್ಳುವ ಮುನ್ನ ತಯಾರಕರ ವೆಬ್‌ಸೈಟಿಗೆ ಹೋಗಿ ಆ ಮಾಡೆಲ್ಲಿಗೆ ಕೊನೆಯ ಬಯಾಸ್ ಯಾವಾಗ ಬಂದಿದೆ ನೋಡಿ. ಹಿಂದಿನ ಪ್ಯಾನೆಲ್ಲಿನಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರಲಿ. ಪೆನ್‌ಡ್ರೈವ್ ಒಂದಿದ್ದರೆ ಪ್ರೊಸೆಸರ್ ಇಲ್ಲದೆಯೂ ಬಯಾಸ್ ಬದಲಾಯಿಸಬಹುದು. ಬಯಾಸ್ ಸೆಟ್ಟಿಂಗನ್ನೆಲ್ಲ ಮೊದಲಿನಂತೆ ಮಾಡುವ ಸಿಮಾಸ್ ಕ್ಲಿಯರ್ ಬಟನ್ ಇದ್ದರೆ ಇನ್ನೂ ಚೆಂದ. ಓವರ್‌ಕ್ಲಾಕ್ ಮಾಡುವಾಗ ಪರದೆ ಕಪ್ಪಾಗಿ ಕೂರುವುದು ಮಾಮೂಲಿ. ರಾತ್ರಿ ಒಂದು ಗಂಟೆಗೆ ಗ್ರಾಫಿಕ್ಸ್ ಕಾರ್ಡ್ ಕಿತ್ತು, ಟಾರ್ಚ್ ಹಿಡಿದು ಜಂಪರ್ ಹುಡುಕುವ ಪಾಡು ಬೇಡ.

ಬೆಂಗಳೂರಿನ ಅಂಗಡಿಯಲ್ಲಿ ಡಿಸೆಂಬರಿನಲ್ಲಿ ಸರಿಯಾಗಿ ಓಡಿದ ಸೆಟ್ಟಿಂಗ್ ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಓಡುತ್ತದೆ ಅಂದುಕೊಳ್ಳಬೇಡಿ. ಕೋಣೆ 15 ಡಿಗ್ರಿ ಬಿಸಿಯಾದರೆ ವಿಆರ್‌ಎಂ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಆ ಕಡೆಯವರಿಗೆ ಸೆಟ್ಟಿಂಗ್ ಮಾಡಿಕೊಡುವಾಗ ಪೂರ್ತಿ ಲೋಡಿನಲ್ಲಿ ವಿಆರ್‌ಎಂ 80 ದಾಟದಂತೆ ನೋಡಿಕೊಳ್ಳುತ್ತೇನೆ.

ಹುಡುಗನಿಗೆ ಅವತ್ತು ಎರಡು ದಾರಿ ಹೇಳಿದೆ. ಒಂದು, ಇದೇ ಬೋರ್ಡಿನಲ್ಲಿ ಪವರ್ ಮಿತಿ 180 ವ್ಯಾಟಿಗೆ ಇಳಿಸಿ, ಮಾಸ್‌ಫೆಟ್ ಕಡೆಗೆ ಒಂದು ಸಣ್ಣ ಫ್ಯಾನ್ ಹಾಕುವುದು. ಇನ್ನೊಂದು, ಝೆಡ್790 ಬೋರ್ಡ್. ಮೊದಲನೆಯದನ್ನು ಮಾಡಿಕೊಂಡು ಊರಿಗೆ ಹೋದ. ರೆಂಡರ್ ತೆವಳುವುದು ನಿಂತಿತು. ದೀಪಾವಳಿ ಹೊತ್ತಿಗೆ ದುಡ್ಡು ಕೂಡಿಸಿಕೊಂಡು ಮತ್ತೆ ಬಂದ. ಅವನ ರ‍್ಯಾಮ್ ಡಿಡಿಆರ್5, ಆದ್ದರಿಂದ ಅದಕ್ಕೆ ಹೊಂದುವುದನ್ನೇ ಹುಡುಕಬೇಕಿತ್ತು. ಝೆಡ್790ರಲ್ಲಿ ಡಿಡಿಆರ್4 ಬೋರ್ಡುಗಳೂ ಇವೆ, ಒಂದರ ಸ್ಟಿಕ್ ಇನ್ನೊಂದಕ್ಕೆ ಕೂರುವುದಿಲ್ಲ. ಅತಿ ದುಬಾರಿಯದನ್ನು ಬಿಟ್ಟು ಮಧ್ಯದ ಬೆಲೆಯದನ್ನು ಆರಿಸಿದೆವು. ದೀಪವಿಲ್ಲ, ಹೀಟ್‌ಸಿಂಕ್ ಮಾತ್ರ ಇಟ್ಟಿಗೆ ತುಂಡಿನಂತಿತ್ತು.

ಬಿಲ್ ಮಾಡಿಸುವ ಮುನ್ನ ಅವನ ಕೈಯಲ್ಲೇ ಸಾಕೆಟ್ಟಿನ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿಸಿದೆ. ಇಂಟೆಲ್ ಬೋರ್ಡುಗಳಲ್ಲೂ ಎಎಂ5ನಲ್ಲೂ ಪಿನ್‌ಗಳಿರುವುದು ಬೋರ್ಡಿನಲ್ಲಿ, ಪ್ರೊಸೆಸರಿನಲ್ಲಲ್ಲ. ಒಂದು ಪಿನ್ ಬಾಗಿದ್ದರೂ ಬೆಳಕಿನ ಸಾಲು ಅಲ್ಲಿ ಮುರಿದು ಕಾಣುತ್ತದೆ. ಮನೆಗೆ ಒಯ್ದ ಮೇಲೆ ಕಂಡರೆ ಅದು ನಿಮ್ಮ ತಪ್ಪೇ ಎಂದಾಗುತ್ತದೆ, ವಾರಂಟಿ ಸಿಗುವುದಿಲ್ಲ. ಎಲ್ಲ ಸಾಲೂ ಸರಿಯಿತ್ತು. ಪ್ರೊಸೆಸರ್ ಕೂರಿಸಿದ ಮೇಲೆ ಅವನು ಆ ಕಪ್ಪು ಮುಚ್ಚಳವನ್ನು ಕಸದ ಬುಟ್ಟಿಗೆ ಹಾಕಲು ಹೊರಟ. ತಡೆದು, ಬಿಲ್ಲಿನ ಜೊತೆ ಡಬ್ಬಿಯೊಳಗೆ ಇಡಿಸಿದೆ. ಬೋರ್ಡನ್ನು ಎಂದಾದರೂ ವಾರಂಟಿಗೆ ಕಳಿಸಬೇಕಾದರೆ ಆ ಮುಚ್ಚಳ ಹಾಕಿಯೇ ಕಳಿಸಬೇಕು.